ಎಡಗಾಲಿಯ ದಾರ

ಕುರಿಗಳು ಮಾತಾಡುತ್ತಿದ್ದ, ಕುರುಬರು ಸುಮ್ಮನೆ ಕೇಳುತ್ತಿದ್ದ ಕಾಲದಲ್ಲಿ ಒಂದು ಕುದುರೆ ಇತ್ತಂತೆ. ಅದಕ್ಕೆ ಎಲುಬಿತ್ತು, ಉಸಿರಿತ್ತು, ತೊಗಲು ಮಾತ್ರ ಇರಲಿಲ್ಲ. ಗುಡ್ಡ ಹತ್ತಿದರೆ ಕಲ್ಲು ಸಿಡಿಯುತ್ತಿದ್ದವು, ಇಳಿದರೆ ಮುಳ್ಳು ಚುಚ್ಚುತ್ತಿದ್ದವು. ಅದು ಒಬ್ಬ ಕುರುಬನ ಮುಂದೆ ನಿಂತು, ‘ನನಗೊಂದು ಮೈ ಮಾಡಿಕೊಡು’ ಅಂದಿತಂತೆ. ಕುರುಬ, ‘ಮಾನಮಿ ಹಬ್ಬದೊಳಗೆ ಕೊಡ್ತೇನಿ’ ಎಂದು ಮಾತು ಕೊಟ್ಟನಂತೆ.

ಇಷ್ಟು ಹೇಳಿ ನಮ್ಮ ಆಯಿ, ಅಪ್ಪನ ತಾಯಿ ಹುಚ್ಚವ್ವ, ನಿಲ್ಲಿಸುತ್ತಿದ್ದಳು. ನಾನು ‘ಹೂಂ’ ಅನ್ನುವವರೆಗೆ ಮುಂದಿನ ಮಾತು ಬರುತ್ತಿರಲಿಲ್ಲ. ಹೂಂಗುಟ್ಟುವವರಿಲ್ಲದ ಕಥೆ ದೊಡ್ಡಿಯಿಲ್ಲದ ಕುರಿ ಇದ್ದಂತೆ, ತೋಳದ ಪಾಲು ಎನ್ನುತ್ತಿದ್ದಳು.

ಎಪ್ಪತ್ತೊಂಬತ್ತರಲ್ಲಿ ಸಂಗಯ್ಯನವರ ಜೀಪು ಇಳಕಲ್ಲಿನ ನಮ್ಮ ಶೆಡ್ಡಿಗೆ ಬಂದಾಗ ನನಗೆ ಆ ಕುದುರೆಯೇ ನೆನಪಾಯಿತು. ಮಿಲ್ಟ್ರಿ ಹರಾಜಿನಲ್ಲಿ ಕೊಂಡ ಜೀಪು. ಇಂಜಿನ್ನು ಗಟ್ಟಿ, ನಾಲ್ಕೂ ಗಾಲಿಗೆ ಶಕ್ತಿ. ಮಡ್‌ಗಾರ್ಡುಗಳು ಮಾತ್ರ ತುಕ್ಕು ತಿಂದು ಕೈಗೆ ಉದುರಿ ಬರುತ್ತಿದ್ದವು. ಊರಾಚೆಯ ಗುಡ್ಡದಲ್ಲಿ ಸಂಗಯ್ಯನವರ ಕೆಂಪು ಕಲ್ಲಿನ ಕ್ವಾರಿ. ದಿನಾ ಹನ್ನೆರಡು ಆಳು ಆ ಜೀಪಿನಲ್ಲಿ ಹತ್ತಿಳಿಯುತ್ತಿದ್ದರು, ಗಾಲಿಯಿಂದ ಸಿಡಿದ ಹರಳು ಅವರ ಮುಖಕ್ಕೆ ಬಡಿಯುತ್ತಿದ್ದವು.

“ಬಂಡೆಪ್ಪ, ಮಾನಮಿ ಖಂಡೇಪೂಜಿಗೆ ಇದರ ಮೈ ತುಂಬಬೇಕು ನೋಡು,” ಎಂದಿದ್ದರು ಸಂಗಯ್ಯನವರು.

“ತುಂಬ್ತೇನ್ರಿ. ಮಾತು ಅಂದ್ರ ಮಾತು,” ಎಂದಿದ್ದ ನನ್ನ ಅಪ್ಪ.

ಅಪ್ಪ ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ತಗಡು ಬಡಿಯುವುದನ್ನು ಕಲಿತವನು. ಓದು ಬರಹ ಇಲ್ಲ. ಅಳತೆಯನ್ನೆಲ್ಲ ಕರೀ ಉಣ್ಣೆಯ ದಾರದಲ್ಲಿ ಗಂಟು ಹಾಕಿ ಇಡುತ್ತಿದ್ದ, ಅವರಪ್ಪ ಕುರಿಗಳ ಲೆಕ್ಕ ಇಡುತ್ತಿದ್ದ ಹಾಗೆಯೇ. ತಗಡು ಬಾಗುವ ಕಡೆ ಒಂದು ಗಂಟು. ಗಾಲಿ ಎಲ್ಲಕ್ಕಿಂತ ಮೇಲೆ ಏಳುವ ಕಡೆ ಜೋಡಿ ಗಂಟು. ಈ ಅಳತೆ ಶೆಡ್ಡಿನಲ್ಲಿ ನಿಂತ ಖಾಲಿ ಜೀಪಿನದಲ್ಲ. ಕ್ವಾರಿಗೆ ಹೋಗಿ, ಹನ್ನೆರಡು ಜನರನ್ನು ಕೂರಿಸಿ, ಒಂದೊಂದೇ ಗಾಲಿಯನ್ನು ಬಂಡೆಯ ಮೇಲೆ ಹತ್ತಿಸಿ ತೆಗೆದದ್ದು. “ಭಾರ ಹೊತ್ತಾಗ ಟಾಯರಿಗೂ ತಗಡಿಗೂ ನಡುವ ಎರಡು ಬೆರಳು ಹಿಡೀಬೇಕು ರಂಗಿ. ಖಾಲಿ ನಿಂತಾಗ ಎಲ್ಲಾ ಗಾಡಿನೂ ಶಾಣ್ಯಾನ ಇರ್ತಾವು,” ಎಂದು ನನಗೆ ಹೇಳುತ್ತಿದ್ದ. ನಾಲ್ಕು ಗಾಲಿಗೆ ನಾಲ್ಕು ದಾರ, ಗೋಡೆಯಲ್ಲಿ ನಾಲ್ಕು ಮೊಳೆ. ಹನ್ನೆರಡನೆಯ ವಯಸ್ಸಿನಿಂದ ಆ ದಾರಗಳ ಇನ್ನೊಂದು ತುದಿ ಹಿಡಿದವಳು ನಾನು.

ಮೂರು ಮಡ್‌ಗಾರ್ಡು ಮುಗಿದವು. ಉಳಿದದ್ದು ಮುಂದಿನ ಎಡಗಾಲಿಯದು. ಅದಕ್ಕೆ ತಗಡು ಹಾಸಿ “ಚಾ ತಾರವಾ” ಎಂದ ಅಪ್ಪ, ನಾನು ತರುವಷ್ಟರಲ್ಲಿ ಉಸುಕಿನ ಚೀಲಕ್ಕೆ ಒರಗಿದ್ದ. ಕಣ್ಣು ತೆರೆದೇ ಇತ್ತು. ಆ ಚಹಾವನ್ನು ಆಮೇಲೆ ಯಾರು ಕುಡಿದರೋ ನನಗೆ ಗೊತ್ತಿಲ್ಲ.

ಹುನಗುಂದದ ಹತ್ತಿರದ ನಮ್ಮ ಹೊಲದಲ್ಲಿ ಮಣ್ಣು ಮಾಡಿದರು. ಎಲ್ಲರೂ ಅತ್ತರು. ನಾನು ಮಾತ್ರ ಬಂಡಿಯ ಎತ್ತಿನ ಕೊರಳ ಗಂಟೆಯಲ್ಲಿ ನಾಲಿಗೆ ಇಲ್ಲದ್ದನ್ನು ನೋಡುತ್ತ ನಿಂತಿದ್ದೆ. ಆಯಿ ಅವತ್ತಿನಿಂದ ಕಥೆ ಹೇಳುವುದನ್ನು ಬಿಟ್ಟಳು, ನಾನು ಹೂಂ ಅನ್ನುವುದನ್ನು ಬಿಟ್ಟೆ.

ಅಪ್ಪನ ದಿನಕಾರ್ಯ ಮುಗಿಸಿ ಶೆಡ್ಡು ತೆರೆದೆ. ಮೂರು ಮೊಳೆಗಳಲ್ಲಿ ದಾರ ಇತ್ತು, ನಾಲ್ಕನೆಯದು ಖಾಲಿ. ತಗಡಿನ ಚೂರುಗಳಲ್ಲಿ ಹುಡುಕಿದೆ, ಉಸುಕಿನ ಚೀಲ ಬಿಚ್ಚಿ ಸುರುವಿದೆ. ಸಿಗಲಿಲ್ಲ. ಯಾರಿಗೂ ಹೇಳಲಿಲ್ಲ, ಹೇಳಬೇಕೆಂದೂ ಅನಿಸಲಿಲ್ಲ.

ಮುಂದಿನ ಬಲಗಡೆಯ ದಾರ ಇತ್ತಲ್ಲ, ಅದನ್ನೇ ತಿರುವಿ ಹಾಕಿ ಗೆರೆ ಎಳೆದೆ. ತಗಡು ಕತ್ತರಿಸಿ, ಉಸುಕಿನ ಚೀಲದ ಮೇಲಿಟ್ಟು ಕಟ್ಟಿಗೆಯ ಕೊಡತಿಯಿಂದ ಬಡಿದೆ. ಒಂದು ಏಟು ಹೆಬ್ಬೆರಳಿಗೆ ಬಿತ್ತು. ಉಗುರು ಕಪ್ಪಾದದ್ದನ್ನು ಪಕ್ಕದ ಶೆಡ್ಡಿನ ಫಕ್ರುಸಾಬ ಕಾಕಾ ನೋಡಿ ಹೇಳಿದ ಮೇಲೆಯೇ ನನಗೆ ತಿಳಿದದ್ದು.

“ನೋಯಾಂಗಿಲ್ಲೇನ ಬೇ?” ಎಂದು ಕೇಳಿದರು.

“ಇಲ್ಲ ಕಾಕಾ. ಇಲ್ಲಿ ಬೆಸಿಗಿ ಹಾಕಿಕೊಡ್ರಿ.”

ಅವರು ಗ್ಯಾಸು ಹೊತ್ತಿಸಿ ಬೆಸುಗೆ ಹಾಕಿದರು. ಮಡ್‌ಗಾರ್ಡು ಕೂತಿತು. ಶೆಡ್ಡಿನಲ್ಲಿ ನಿಂತ ಜೀಪು ಮದುಮಗನಂತೆ ಕಂಡಿತು. ಸಂಗಯ್ಯನವರು ಬೆಳಿಗ್ಗೆ ಒಯ್ದರು, ಅದೇ ಸಂಜೆ ತಿರುಗಿ ಬಂದರು. ಸುಟ್ಟ ರಬ್ಬರಿನ ವಾಸನೆ ಅವರಿಗಿಂತ ಮೊದಲು ಬಂತು. ಎಡಗಡೆಯ ಹಳೇ ಸ್ಪ್ರಿಂಗು ಬಲಗಡೆಗಿಂತ ಹೆಚ್ಚು ಕುಸಿಯುತ್ತಿತ್ತು. ಆಳುಗಳು ಕೂತು ಗುಡ್ಡ ಹತ್ತಿದೊಡನೆ ತಗಡಿನ ಅಂಚು ಟಾಯರನ್ನು ಬಳ್ಳೊಳ್ಳಿ ಸುಲಿದಂತೆ ಸುಲಿದಿತ್ತು.

ಮಡ್‌ಗಾರ್ಡನ್ನು ಬಿಚ್ಚಿ ಹಿಂದೆ ಎಸೆದಿದ್ದರು. ಹಿಂದೆ ಕೂತಿದ್ದ ಆಳೊಬ್ಬ, “ಗುಡಿಗೆ ಹೋಗಿ ಒಂದು ಚಪ್ಲಿ ಕಳಕೊಂಡು ಬಂದಂಗಾತು ನಮ್ಮ ಜೀಪು!” ಎಂದ. ಉಳಿದವರು ನಕ್ಕರು. ಸಂಗಯ್ಯನವರು ನಗಲಿಲ್ಲ.

“ಯವ್ವಾ, ಸಿಟ್ಟಿಲ್ಲ ನಿನ್ನ ಮ್ಯಾಲ. ನಾಡದು ಪೂಜಿ. ನಾಳೆ ಸಂಜಿತನಾ ನೋಡ್ತೇನಿ. ಆಗಲಿಲ್ಲಂದ್ರ ಬಾಗಲಕೋಟಿಗೆ ಒಯ್ದು ನಾಕೂ ಕಿತ್ತಿಸಿ, ಹೊಸಾವು ಕೂಡಿಸ್ತೇನಿ.”

“ಅಪ್ಪ ಮಾಡಿದ್ದ ಮೂರು?”

“ಮೂರು ಇಟ್ಕೊಂಡು ಏನ ಮಾಡ್ಲೆವಾ? ಗುಜರಿಗೆ ಹೋಕ್ಕಾವು.”

ಅಪ್ಪನ ಮಾತು ಗುಜರಿಗೆ ಹೋಗುತ್ತದೆ ಎಂದು ತಿಳಿಯಿತು. ತಿಳಿಯಿತು ಅಷ್ಟೆ, ಮಳೆ ಬರುತ್ತದೆ ಎಂದು ತಿಳಿದ ಹಾಗೆ.

ಮರುದಿನ ಬೆಳಿಗ್ಗೆ ಆಯಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಕಣ್ಣು ಮಂಜಾಗಿ ಹತ್ತು ವರ್ಷವಾಗಿತ್ತು. ಕೈಗಳೇ ಅವಳಿಗಾಗಿ ನೋಡುತ್ತಿದ್ದವು. ನಾನು ಒಲೆಯ ಮುಂದೆ ಕೂತು, ಯಾವುದೋ ಊರಿನ ಸುದ್ದಿ ಹೇಳುವಂತೆ ಹೇಳಿದೆ. “ಆಯಿ, ಎಡಗಾಲಿ ದಾರ ಸಿಗವಲ್ದು. ಕರೀ ಉಣ್ಣೀದು. ಗಂಟು ಇದ್ವು.”

ಬಡಿಯುವ ಸದ್ದು ನಿಂತಿತು.

“ಗಂಟು ಇದ್ವಾ?”

“ಹೌದು. ಅಪ್ಪನ ಅಳತಿ.”

ಆಯಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ರೊಟ್ಟಿ ಹೆಂಚಿನ ಮೇಲೆ ಕರಿಯಾಯಿತು.

“ಬಂಡೆಪ್ಪನ ಮೈ ತೊಳಿವಾಗ ಮುಷ್ಟ್ಯಾಗ ಇತ್ತವಾ ಅದು,” ಎಂದಳು. “ಬೀರಪ್ಪನ ಕಂಕಣ ಅಂತ ತಿಳಿದೆ ನಾ. ಕಡೀ ಗಳಿಗ್ಯಾಗ ದೇವರ ಉಣ್ಣಿ ಹಿಡಕೊಂಡಾನ ನನ್ನ ಮಗ ಅಂತ, ಮಣಿಕಟ್ಟಿಗೆ ಸುತ್ತಿ ಕಟ್ಟಿ ಕಳಿಸಿದೆ. ಅದರ ಮ್ಯಾಲ ಮಣ್ಣು ಹಾಕಿ ಬಂದಾರ.”

ನಮ್ಮವರಿಗೆ ಉಣ್ಣೆಯೆಂದರೆ ದೇವರು. ಮದುವೆಯಲ್ಲಿ ಕಂಕಣ ಅದರದೇ, ಹಬ್ಬದಲ್ಲಿ ಅದರದೇ. ಬೇರೆ ಮನೆಯ ಮುದುಕಿಯಾಗಿದ್ದರೆ ದಾರ ತೆಗೆದು ಬಿಸಾಡುತ್ತಿದ್ದಳು. ಹುಡುಕಿದರೆ ಅಂಗಳದ ಮೂಲೆಯಲ್ಲಾದರೂ ಸಿಗುತ್ತಿತ್ತು.

“ಹೋಗ್ಲಿ ಬಿಡು,” ಎಂದು ಎದ್ದೆ.

“ಎಲ್ಲಿ ಹೋಕ್ಕೀದಿ? ಕುಂದರು. ಗಂಟು ಇದ್ದ ದಾರ ಎಣಸಲಾರದ ಕೈ ಬಿಟ್ಟಾಕಿ ಅಲ್ಲ ಈ ಹುಚ್ಚವ್ವ. ನಲವತ್ತು ವರ್ಷ ನಿಮ್ಮ ಮುತ್ಯಾನ ಕುರಿ ಲೆಕ್ಕ ಕತ್ತಲ್ಯಾಗ ಬೆರಳಿಲೆ ಓದೇನಿ. ಆ ಅಳತಿ ದಾರಾನೂ ನನ್ನ ಬೆರಳು ಎಣಿಸೇ ಕಟ್ಯಾವು, ಅಳಕೋತನೂ ಎಣಿಸ್ಯಾವು.”

“ಹಂಗಾರ ಹೇಳು, ಗೇಣಿಲೆ ಅಳೀತೇನಿ.”

“ನಿನ್ನ ಗೇಣ ಬ್ಯಾರೆ, ನನ್ನ ಗೇಣ ಬ್ಯಾರೆ. ಉಣ್ಣಿ ತಾ. ನಾನ ಕಟ್ತೇನಿ.”

ಅವಳ ಕಂಬಳಿಯ ಅಂಚಿನಿಂದ ಒಂದು ಎಳೆ ಬಿಚ್ಚಿ ಕೊಟ್ಟೆ. ಆಯಿ ಕಣ್ಣು ಮುಚ್ಚಿದಳು.

“ಕುದುರಿ ಗುಡ್ಡದ ಬುಡಕ್ಕ ನಿಂತಿತ್ತಂತ. ಇಲ್ಲಿ ಒಂದು ಗಂಟು.” ಕಟ್ಟಿದಳು. ಸುಮ್ಮನಾದಳು.

ನಾನೂ ಸುಮ್ಮನಿದ್ದೆ. ಅವಳ ಬೆರಳು ಗಾಳಿಯಲ್ಲಿ ನಿಂತೇ ಇದ್ದವು. ಆಮೇಲೆ ನೆನಪಾಯಿತು.

“ಹೂಂ,” ಅಂದೆ.

“ಒಂದು ಗೇಣು ಏನೂ ಸಿಗಲಿಲ್ಲಂತ. ಬರೇ ಏರು. ಆಮ್ಯಾಲ ಒಂದು ಗಂಟು.”

“ಹೂಂ.”

“ಮೂರು ಬೆರಳು ನಡದು ಮತ್ತೊಂದು.”

“ಹೂಂ.”

“ಇಲ್ಲಿ ದಮ್ಮು ಹತ್ತಿ ನಿಂತಿತಂತ. ಜೋಡಿ ಗಂಟು. ದಪ್ಪಂದು. ಮಣಿಕಟ್ಟಿನ ಎಲುಬಿನ ಮ್ಯಾಲ ಬಂದು ಕುಂತಿತ್ತು, ಒಳಗ ದಬ್ಬಿ ಕಟ್ಟಿದೆ. ಅದಕ್ಕ ನೆಪ್ಪೈತಿ.”

“ಹೂಂ.”

ಹನ್ನೊಂದು ಗಂಟುಗಳಾದವು. ಶೆಡ್ಡಿಗೆ ಒಯ್ದು ಬಲಗಡೆಯ ದಾರದ ಪಕ್ಕ ಹಿಡಿದೆ. ಅದರಲ್ಲೂ ಹನ್ನೊಂದೇ. ಮೊದಲ ಮೂರು ಗಂಟು ಎದುರಾಬದುರು ಕೂತವು. ಜೋಡಿ ಗಂಟು ಮಾತ್ರ ಇದರಲ್ಲಿ ಎರಡೂವರೆ ಬೆರಳು ಮುಂದೆ. ಎಡಗಡೆ ಕುಸಿಯುತ್ತದೆಂದು ಅಪ್ಪನಿಗೆ ಗೊತ್ತಿತ್ತು.

ಹೊಸ ತಗಡು ಹಾಸಿದೆ. ಕತ್ತರಿಸಿದೆ, ಬಡಿದೆ, ಅಂಚಿನೊಳಗೆ ತಂತಿ ಇಟ್ಟು ಮಡಚಿದೆ. ಫಕ್ರುಸಾಬ ಕಾಕಾ ಊಟ ಬಿಟ್ಟು ಬಂದು ಬೆಸುಗೆ ಹಾಕಿದರು. “ನಿಮ್ಮಪ್ಪನ ಹಂಗ ನಾಲಿಗಿ ಕಚ್ಚಿ ಬಡೀತಿ ನೋಡು ನೀ,” ಎಂದರು. ನಾಲಿಗೆಯನ್ನು ಒಳಗೆ ತೆಗೆದುಕೊಂಡೆ. ಸಂಗಯ್ಯನವರು ಹೊತ್ತು ಇಳಿಯುವ ಮೊದಲೇ ಬಂದು ನಿಂತರು. ಐದು ಬೋಲ್ಟು ಬಿಗಿದೆ.

“ಇಲ್ಲಿ ನೋಡಿ ಉಪಯೋಗ ಇಲ್ರಿ. ಕ್ವಾರಿಗೆ ನಡೀರಿ. ಹನ್ನೆರಡೂ ಮಂದಿ ಬೇಕು,” ಎಂದೆ.

“ನೀನೂ ಬರ್ತಿಯೇನು?”

“ದಾರ ಹಿಡದಾಕಿ ನಾನ ಅಲ್ಲೇನ್ರಿ?”

ಗುಡ್ಡದ ಕೆಂಪು ಕಲ್ಲುಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಹನ್ನೆರಡು ಜನ ಹತ್ತಿ ಕೂತರು. ಚಪ್ಪಲಿಯ ಮಾತಾಡಿದವನೂ ಇದ್ದ. ಸಂಗಯ್ಯನವರು ಜೀಪನ್ನು ನಿಧಾನ ಮುಂದೆ ಬಿಟ್ಟು, ಎಡಗಾಲಿಯನ್ನು ಬಂಡೆಯ ಮೇಲೆ ಹತ್ತಿಸಿ, ಪೂರ್ತಿ ತಿರುವಿ ನಿಲ್ಲಿಸಿದರು. ಸ್ಪ್ರಿಂಗು ಕಿರ್ ಎಂದು ಕುಸಿಯಿತು. ಟಾಯರು ಮೇಲೆದ್ದು ತಗಡಿನೊಳಗೆ ಹೋಯಿತು.

ನಾನು ಕೂತು, ಟಾಯರಿಗೂ ತಗಡಿಗೂ ನಡುವೆ ಕೈ ಇಟ್ಟೆ. ಎರಡು ಬೆರಳು ಹಿಡಿದವು.

“ಆತೇನವಾ?” ಎಂದು ಮೇಲಿನಿಂದ ಕೇಳಿದರು ಸಂಗಯ್ಯನವರು.

“ಹೂಂ,” ಅಂದೆ.