ಮಂಗಳವ್ವನ ‘ಬರ್ತೀನಿ’

ಆಫ್ರಿಕಾದಲ್ಲಿ ಒಂದು ಶಾಲೆಯನ್ನು ತಾನೇ ನಡೆಸಿದ್ದೇನೆ ಎಂದು ಅಂಬವ್ವ ಹೈದರಾಬಾದಿನ ಕಾಚಿಗೂಡದ ತರಕಾರಿ ಬಂಡಿಯವನಿಂದ ಹಿಡಿದು ಮಠದ ಸ್ವಾಮಿಗಳವರೆಗೆ ಎಲ್ಲರಿಗೂ ಹೇಳಿಯಾಗಿತ್ತು. ಹೆಪ್ಪಿಗೆ ಮೊಸರು ಕೇಳಲು ಮೇಲಿನ ಮನೆಯಿಂದ ಇಳಿದು ಬಂದ ದೀಪಾಲಿಗೂ ಅದನ್ನೇ ಹೇಳಿದಳು. ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ, ಬಟ್ಟಲು ಹಿಡಿದುಕೊಂಡು ಕಣ್ಣರಳಿಸಿ ನಿಂತಳು. ಆ ಕಣ್ಣು ನೋಡಿ ಪಾಪ ಅನ್ನಿಸಿ, ಹೇಳಿದ್ದರಲ್ಲಿ ಅರ್ಧ ಸುಳ್ಳು ಎಂದು ಅಂಬವ್ವ ಒಪ್ಪಿಕೊಂಡಳು.

“ಅರ್ಧ ಸುಳ್ಳು ಅಂದ್ರ ಅರ್ಧ ಖರೆ ಐತಿ ಅಂತ ಆತಲ್ಲವಾ. ಕೂಡು. ಮೊಸರೇನು ಎದ್ದು ಓಡಿ ಹೋಗಂಗಿಲ್ಲ.”

ಖರೆ ಏನೆಂದರೆ, ಆಫ್ರಿಕಾಕ್ಕೆ ಹೋಗಿದ್ದವಳು ಮಗ ಸೂರ್ಯಕಾಂತನ ಮಗಳು ಪಿಂಕಿ. ಬಿ.ಎಡ್. ಓದುವವರು ಎಲ್ಲಾದರೂ ಒಂದು ಶಾಲೆಯಲ್ಲಿ ಪಾಠ ಮಾಡಿ ರೂಢಿ ಮಾಡಿಕೊಳ್ಳಬೇಕಂತೆ. ಪಿಂಕಿಯ ಕಾಲೇಜಿನವರು ಅವಳನ್ನು ಘಾನಾ ದೇಶದ ಒಂದು ಸಣ್ಣ ಊರಿಗೆ ಕಳಿಸಿದರು. ಅಂಬವ್ವನ ಬಾಯಲ್ಲಿ ಘಾನಾ ಮೊದಲ ದಿನವೇ ಗಾಣವಾಯಿತು. ನಮ್ಮ ಪಿಂಕಿ ಎಣ್ಣೆ ಗಾಣಕ್ಕೆ ಇಂಗ್ಲಿಷ್ ಕಲಿಸಲು ಹೋಗಿದ್ದಾಳೆ ಎಂದು ಅವಳು ಓಣಿಗೆಲ್ಲ ಹೇಳಿ ನಗಿಸಿದಳು. ನಗಿಸುತ್ತಲೇ ಶಂಶಾಬಾದಿನಲ್ಲಿ ವಿಮಾನ ಏರಿದ ಹುಡುಗಿಗಾಗಿ ಒಂದು ವಾರ ಸರಿಯಾಗಿ ಉಣ್ಣಲಿಲ್ಲ.

ಅಲ್ಲಿ ಶಾಲೆ ಬಿಡುವ ಹೊತ್ತಿಗೆ ಇಲ್ಲಿ ದೇವರ ಮುಂದೆ ದೀಪ ಹಚ್ಚಿ ಮುಗಿದಿರುತ್ತಿತ್ತು. ತಂಬಿಗೆಗೆ ಫೋನು ಆನಿಸಿಟ್ಟು ಅಂಬವ್ವ ಕೂತುಬಿಡುತ್ತಿದ್ದಳು. ಫೋನಿನೊಳಗೆ ತರಗತಿ ತುಂಬ ಮಕ್ಕಳು. ಪಿಂಕಿ ಮೂವತ್ತು ಅಂದರೆ ಅಂಬವ್ವ ಮುನ್ನೂರು ಅನ್ನುವಳು. ಬೊಚ್ಚು ಬಾಯಿ ತೆರೆದು ತೋರಿಸಿದರೆ ಅಷ್ಟೂ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಅವಳು ಕಲಿಸಿದ್ದು ಒಂದೇ ಪಾಠ. ಮನೆಗೆ ಹೊರಟ ಮಕ್ಕಳು ಚೀಲ ಹೆಗಲಿಗೆ ಹಾಕಿಕೊಂಡು, ಫೋನಿನ ಮುಂದೆ ನಿಂತು, ಪಿಂಕಿ ಅಜ್ಜಿಯನ್ನು ಕರೆಯುವ ಹಾಗೆಯೇ ಕರೆದು, ‘ಹೋಗಿ ಬರ್ತೀನಿ ಆಯಿ’ ಅನ್ನಬೇಕು. ಅನ್ನದಿದ್ದವರನ್ನು ಅವಳು ಬಿಡುತ್ತಿರಲಿಲ್ಲ. ಅಂದವರು ಮರುದಿನ ತಪ್ಪದೆ ಬರುತ್ತಿದ್ದರು. ಹೀಗಾಗಿ ಆ ಮಾತಿನ ಅರ್ಥವನ್ನು ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹೋದವರು ಬರುತ್ತಾರೆ, ಅಷ್ಟೇ.

ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವಳು ಅಬೇನಾ. ಆ ಕಡೆ ಮಕ್ಕಳಿಗೆ ಹುಟ್ಟಿದ ವಾರದ ಹೆಸರಿಡುತ್ತಾರೆ, ಅಬೇನಾ ಅಂದರೆ ಮಂಗಳವಾರ ಹುಟ್ಟಿದವಳು ಎಂದು ಪಿಂಕಿ ಹೇಳಿದ್ದೇ ತಡ, ಅಂಬವ್ವ ಅವಳನ್ನು ಮಂಗಳವ್ವ ಮಾಡಿಕೊಂಡಳು. ಏಳು ವರ್ಷದ ಕೂಸು. ಪಿಂಕಿಯ ಸೆರಗು ಬಿಡದ ಕೂಸು. ಪಿಂಕಿ ಸೀರೆಯನ್ನೇ ಉಡುವುದಿಲ್ಲವಲ್ಲ ಎಂದು ದೀಪಾಲಿ ಕೇಳಿದಾಗ, ಇದ್ದಿದ್ದರೆ ಬಿಡುತ್ತಿರಲಿಲ್ಲ ಎಂದು ಅಂಬವ್ವ ಮಾತು ದಾಟಿಸಿದಳು.

ಪಿಂಕಿ ಅಲ್ಲಿಂದ ಹೊರಡುವ ದಿನ ಬಂತು. ಮಕ್ಕಳಿಗೆ ನಿಜ ಹೇಳಿಯೇ ಹೋಗಬೇಕು ಎಂದು ಅಲ್ಲಿಯ ದೊಡ್ಡ ಬಾಯಿಯವರು, ಅಂದರೆ ಶಾಲೆಯ ಹೆಡ್ ಮಿಸ್, ಪಿಂಕಿಗೆ ಬುದ್ಧಿ ಹೇಳಿದ್ದರು. ಪಿಂಕಿ ಅದಕ್ಕೆ ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು. ನಾನು ಹೋಗುತ್ತೇನೆ, ತಿರುಗಿ ಬರುವುದಿಲ್ಲ, ಹೊಸ ಮಿಸ್ ಬರುತ್ತಾರೆ, ಅವರ ಮಾತು ಕೇಳಿ. ಇಷ್ಟನ್ನೂ ಅವಳು ಮೊದಲು ತರಗತಿಯಿಂದಲೇ ಫೋನಿನಲ್ಲಿ ಆಯಿಯ ಮುಂದೆ ಕನ್ನಡದಲ್ಲಿ ಹೇಳಿ ನೋಡಿದಳು. ‘ಹೋಗ್ತೀನಿ’ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅಂಬವ್ವ ಗದರಿದಳು.

“ಬಾಯಿ ಮುಚ್ಚು. ಹೋಗ್ತೀನಿ ಅನ್ನಬಾರದು. ಹೋಗಿ ಬರ್ತೀನಿ ಅನ್ನು.”

ಮಕ್ಕಳಿಗೆ ತಮ್ಮ ಪಾಠ ಕೇಳಿಸಿತು. ಅಷ್ಟೂ ಮಕ್ಕಳು ಒಟ್ಟಿಗೆ ‘ಹೋಗಿ ಬರ್ತೀನಿ’ ಎಂದು ಕೂಗಿ ಪಿಂಕಿಯ ಬಾಯನ್ನೇ ನೋಡುತ್ತ ನಿಂತವು. ಪಿಂಕಿಯೂ ‘ಹೋಗಿ ಬರ್ತೀನಿ’ ಅಂದಳು. ಒಂದು ಮಗುವೂ ಅಳಲಿಲ್ಲ, ಎಲ್ಲ ಚಪ್ಪಾಳೆ ತಟ್ಟಿದವು. ತಾನೇ ಗೆದ್ದವಳಂತೆ ಅಂಬವ್ವ ಆ ದಿನ ಸಿಹಿ ಸಜ್ಜಕ ಮಾಡಿಸಿ ಉಂಡಳು.

ಒಂದು ಮಾತಿಗೆ ಇಷ್ಟು ಹಟ ಯಾಕೆ ಎಂದು ದೀಪಾಲಿ ಕೇಳಿದಳು. ಅಂಬವ್ವ ಗೋಡೆಯ ಮೇಲಿದ್ದ ಗಂಡನ ಫೋಟೋ ಕಡೆ ಗದ್ದ ತೋರಿಸಿದಳು.

“ಇವರು ಶಿವಶರಣಪ್ಪನೋರು. ಮುಂಜಾನೆ ನನ್ನ ಜೋಡಿ ಜಗಳಾಡಿ, ಬಾಗಲದಾಗ ನಿಂತು ‘ಹೊಂಟೆ’ ಅಂದ್ರು. ಬರ್ತೀನಿ ಅನ್ನಲಿಲ್ಲ. ನಾನೂ ಸಿಟ್ಟಿನ್ಯಾಗ ಕೇಳಲಿಲ್ಲ. ಸಂಜಿಗೆ ನಾಕು ಮಂದಿ ಹೊತ್ಕೊಂಡು ತಂದ್ರು. ಆ ಮನುಷ್ಯಾ ಮಾತಿಗೆ ಭಾಳ ಖರೆ.”

ನಗಿಸಲೆಂದೇ ಹೇಳಿದ್ದಳು. ದೀಪಾಲಿ ನಗಲಿಲ್ಲ.

ಪಿಂಕಿ ಮರಳಿ ಬಂದಳು. ಕೊಂಡಾಪುರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಎಲ್ಲ ಸುಸೂತ್ರವಾಯಿತು ಅನ್ನುವಷ್ಟರಲ್ಲಿ ಘಾನಾದ ದೊಡ್ಡ ಬಾಯಿಯವರಿಂದ ಸುದ್ದಿ ಬಂತು. ಅಬೇನಾ ದಿನಾ ಶಾಲೆಗೆ ಬರುತ್ತಾಳೆ, ಆದರೆ ಒಳಗೆ ಬರುವುದಿಲ್ಲ. ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ರಸ್ತೆಗೆ ಮುಖ ಮಾಡಿ ಕೂತಿರುತ್ತಾಳೆ. ಮಿಸ್ ಹೋಗಿ ಬರ್ತೀನಿ ಅಂದಿದ್ದಾರೆ, ನಾನು ಕಾಯುತ್ತೇನೆ ಅನ್ನುತ್ತಾಳೆ. ಆ ದೇಶದ ಇಂಗ್ಲಿಷಿನಲ್ಲೂ ಹೊರಡುವವರು ‘ಹೋಗಿ ಬರುತ್ತೇನೆ’ ಅನ್ನುತ್ತಾರಂತೆ. ಅಂದವರು ಸ್ವಲ್ಪ ಹೊತ್ತಿಗೆ ಬಂದೇ ಬರುತ್ತಾರಂತೆ. ಬರುವುದಿಲ್ಲ ಎಂದು ನಾವು ಯಾರು ಹೇಳಿದರೂ ಕೂಸು ನಂಬುತ್ತಿಲ್ಲ, ಆಡಿದವರೇ ಹೇಳಬೇಕು ಎಂದು ಆಕೆ ಕೇಳಿಕೊಂಡಿದ್ದರು.

ಪಿಂಕಿ ಹೇಳಲು ನೋಡಿದಳು. ಅವಳ ಮುಖ ಕಂಡದ್ದೇ ಕೂಸು ಕುಣಿದಾಡಿತು. ಪಿಂಕಿ ಏನೂ ಹೇಳಲಾರದೆ ಫೋನು ಕಡಿದಳು. ಅಂದಿನಿಂದ ಮನೆಯಲ್ಲಿ ಅವಳು ಆಯಿಯ ಕೂಡ ಮಾತು ಬಿಟ್ಟಳು. ಅಂಬವ್ವ ಗೇಲಿ ಮಾಡಿದರೂ ಇಲ್ಲ, ಬೈದರೂ ಇಲ್ಲ. ರೊಟ್ಟಿ ಬಡಿಸಿದರೆ ತಲೆ ಎತ್ತದೆ ತಿಂದು ಎದ್ದು ಹೋಗುತ್ತಿದ್ದಳು.

ನಿನ್ನೆ ಸಂಜೆ ಮತ್ತೆ ಫೋನು ಬಂತು. ಪಿಂಕಿ ಅದನ್ನು ತಂದು ಅಂಬವ್ವನ ಮಡಿಲಲ್ಲಿಟ್ಟಳು.

“ನೀ ಹೇಳಿಸಿದ ಮಾತು, ಆಯಿ. ನೀನ ತೆಗಿ.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಫೋನಿನಲ್ಲಿ ಮಂಗಳವ್ವ ಒಬ್ಬಳೇ. ಕೆನ್ನೆ ಇಳಿದಿತ್ತು. ಅಂಬವ್ವ ಬಾಯಿ ತೆರೆದು ತೋರಿಸಿದಳು. ಕೂಸು ನಗಲಿಲ್ಲ. ಕೇಳಬೇಕಾದದ್ದನ್ನು ಕೇಳಲು ಅದಕ್ಕೆ ಗೊತ್ತಿದ್ದ ಕನ್ನಡ ಎರಡೇ ಮಾತು. ಅದರಲ್ಲಿ ಹೋಗುವುದನ್ನು ಬಿಟ್ಟು, ಬರುವುದನ್ನಷ್ಟೇ ಆರಿಸಿಕೊಂಡು, “ಮಿಸ್ ಬರ್ತೀನಿ?” ಎಂದು ಕೇಳಿತು. ಅಂಬವ್ವ ಸುಮ್ಮನಿದ್ದಾಗ ತನ್ನ ಉಚ್ಚಾರವೇ ತಪ್ಪಿತೇನೋ ಎಂದು ಇನ್ನಷ್ಟು ನಿಧಾನವಾಗಿ, ಬಿಡಿಸಿ ಬಿಡಿಸಿ, ಮತ್ತೆ ಕೇಳಿತು.

ಇಲ್ಲಿಗೆ ಬಂದು ಅಂಬವ್ವ ಮಾತು ನಿಲ್ಲಿಸಿದಳು. ದೀಪಾಲಿಯ ಬಟ್ಟಲು ಎತ್ತಿಕೊಂಡು ಒಂದು ಚಮಚ ಮೊಸರು ಹಾಕಿದಳು, ಸಾಲದೆಂದು ಇನ್ನೊಂದು ಹಾಕಿದಳು. ಆಮೇಲೆ ನೀವೇನಂದಿರಿ ಎಂದು ದೀಪಾಲಿ ಮೆಲ್ಲಗೆ ಕೇಳಿದಳು.

“ತಪ್ಪು ಮಾತಾಡಿದ್ರ ತಿದ್ದಬೇಕಲ್ಲವಾ, ಪಾಠ ಹೇಳೋ ಅಕ್ಕೋರಾದ ಮ್ಯಾಲ? ‘ಬರ್ತೀನಿ’ ಅಲ್ಲ ತಂಗಿ, ‘ಬರ್ತಾಳ’ ಅಂತ ತಿದ್ದಬೇಕು. ಇಲ್ಲಂದ್ರ ‘ಬರಂಗಿಲ್ಲ’ ಅಂತ ತಿದ್ದಬೇಕು. ಆ ಕೂಸು ನನ್ನ ಬಾಯಿನ ನೋಡಾಕತ್ತಿತ್ತು. ಬಾಗಲದ ಹಿಂದ ಪಿಂಕಿ ಉಸಿರ ಹಿಡಕೊಂಡು ನಿಂತಿದ್ಲು. ನೀ ಕಲಿತಾಕಿ, ಹೇಳು ನೋಡೂಣು, ನಾ ಯಾವುದು ಅಂದಿರಬೇಕು?”