ಯಾರೂ ತಳ್ಳಬಾರದ ಕಾರು

ಅಜ್ಜಂಪುರದ ಜನ ಕಾರು ತಳ್ಳುವುದಕ್ಕೆ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ ಎಂಬ ಸಂಗತಿ ಮೊದಲೇ ತಿಳಿದಿದ್ದರೆ ಗಿರಿಯಪ್ಪ ಆ ಷರತ್ತಿಗೆ ಖಂಡಿತ ಒಪ್ಪುತ್ತಿರಲಿಲ್ಲ.

ಅವನದು ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಚಾರ್ಜ್ ಮಾಡುವ ಸಣ್ಣ ಅಂಗಡಿ. ಲಾರಿ, ಟ್ರ್ಯಾಕ್ಟರು, ಮೈಕ್‌ಸೆಟ್ಟಿನವರ ಬ್ಯಾಟರಿಗಳು ಅಲ್ಲಿ ಸಾಲಾಗಿ ಕೂತು ಗುಳುಗುಳು ಎನ್ನುತ್ತಿದ್ದವು. ಹಗಲೆಲ್ಲ ಅಂಗಡಿ ನೋಡಿಕೊಂಡು, ಸಂಜೆ ಬಸ್ಸಿಗೆ ಕಡೂರಿಗೆ ಹೋಗಿ, ಅಲ್ಲಿನ ಸಂಜೆ ತರಗತಿಯಲ್ಲಿ ಮೂರು ವರ್ಷ ವಿದ್ಯುತ್ತಿನ ಪಾಠ ಕಲಿತು ಸರ್ಟಿಫಿಕೇಟು ಪಡೆದಿದ್ದ. ಆದರೂ ಹಗಲು ಓದಿದವರಿಗೆ ಗೊತ್ತಿರುವ ಯಾವುದೋ ಒಂದು ಪಾಠ ತನಗೆ ತಪ್ಪಿಹೋಗಿದೆ ಎಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ. ಒಂದು ಫ್ಯೂಸ್ ಕಟ್ಟಿದರೆ ಮೂರು ಸಲ ನೋಡುವನು. ಮನೆಗೆ ಹೋಗಿ ಊಟಕ್ಕೆ ಕೂತ ಮೇಲೆ ನಾಲ್ಕನೇ ಸಲ ನೋಡಲು ಎದ್ದು ಬರುವನು.

ಎಂಬತ್ತರ ಇಸವಿಯಲ್ಲಿ ಪೆಟ್ರೋಲಿನ ಬೆಲೆ ಮತ್ತೆ ಏರಿದಾಗ ಇಂಥ ಮನುಷ್ಯನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಪಂಚನಹಳ್ಳಿಯ ರೈತರೊಬ್ಬರು ಹಳೇ ಕಾರಿನ ಎಂಜಿನ್ ಬಿಚ್ಚಿ ಬಾವಿಯ ಪಂಪಿಗೆ ಕೂರಿಸಿಕೊಂಡಿದ್ದರು. ಉಳಿದ ಕಾರಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಗಿರಿಯಪ್ಪ ಕೋಳಿಯನ್ನು ಇಳಿಸಿ ಕಾರನ್ನು ತಂದ. ಮುಚ್ಚಿಹೋಗಿದ್ದ ಟೂರಿಂಗ್ ಟಾಕೀಸಿನ ಡೈನಮೋ ಗುಜರಿಯಲ್ಲಿ ಸಿಕ್ಕಿತು. ಆಯಿಲ್ ಎಂಜಿನ್ನಿಂದ ತಿರುಗಿಸಿಕೊಂಡು, ಪರದೆಯ ಮೇಲೆ ಬೆಳಕು ಚೆಲ್ಲಲು ಕರೆಂಟು ಕೊಡುತ್ತಿದ್ದ ಯಂತ್ರ ಅದು. ತಿರುಗಿಸಿದರೆ ಕರೆಂಟು ಕೊಡುವ ಯಂತ್ರಕ್ಕೆ ನಾವೇ ಕರೆಂಟು ಕೊಟ್ಟರೆ ಅದು ತಾನೇ ತಿರುಗುತ್ತದೆ ಎಂದು ಸಂಜೆ ತರಗತಿಯಲ್ಲಿ ಹೇಳಿದ್ದರು. ಎಂಜಿನ್ ಇದ್ದ ಜಾಗಕ್ಕೆ ಅದನ್ನು ಕೂರಿಸಿ, ಗೇರ್‌ಪೆಟ್ಟಿಗೆಗೆ ಜೋಡಿಸಿ, ನಾಲ್ಕು ಲಾರಿ ಬ್ಯಾಟರಿಗಳಿಂದ ದಪ್ಪ ತಂತಿ ಎಳೆದ. ಎಂಟು ತಿಂಗಳ ಮೇಲೆ ಒಂದು ಭಾನುವಾರ ಕಾರು ಮುಂದಕ್ಕೆ ಹೋಯಿತು. ಹಿಂದಕ್ಕೆ ಹೋಗಲಿ ಎಂದು ಅವನು ಹಿಡಿ ಎಳೆದಿದ್ದ. ಆದರೂ ಹೋಯಿತಲ್ಲ!

ಸುದ್ದಿ ಅಜ್ಜಂಪುರದ ಹೆಣ್ಣುಮಕ್ಕಳ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಮಲ್ಲಿಕಾಂಬ ಅವರ ಕಿವಿಗೆ ಬಿತ್ತು. ಅವರ ಶಾಲೆಯಲ್ಲಿ ವಿದ್ಯುತ್ ಕೆಲಸ ಕಲಿಸುವ ಮೇಷ್ಟರ ಜಾಗ ಖಾಲಿಯಿತ್ತು. ಬಂದು ಸೇರಿಕೊಳ್ಳಿ ಎಂದು ಅವರು ಹೇಳಿ ಕಳಿಸಿದರು. ಗಿರಿಯಪ್ಪನ ತಾಯಿ ಓಬಮ್ಮ ಅವತ್ತೇ ಬೀದಿಗೆಲ್ಲ ಹೇಳಿಬಂದಳು: "ನಮ್ ಗಿರಿ ಮೇಷ್ಟ್ರಾದ ಕಣ್ರವ್ವಾ!" ಆದರೆ ಶಾಲೆಯ ಕಾರ್ಯದರ್ಶಿ, ಕೊಬ್ಬರಿ ಮಂಡಿಯ ಮಲ್ಲಿಕಾರ್ಜುನಯ್ಯನವರು ಅಡ್ಡಗಾಲು ಹಾಕಿದರು.

"ಸಂಜೆ ಕ್ಲಾಸಿನ ಸರ್ಟಿಫಿಕೇಟು ನಂಬೋದು ಹ್ಯಾಗ್ರೀ ಮೇಡಂ? ಆ ಕಾರು ತರೀಕೆರೆಯಿಂದ ನಮ್ಮ ಶಾಲೆ ಅಂಗಳಕ್ಕೆ, ಒಬ್ಬರ ಕೈನೂ ಸೋಕ್ದಂಗೆ ತಾನೇ ಬರ್ಲಿ. ಬಂದ್ರೆ ಅವ್ನು ಮೇಷ್ಟ್ರು. ಇಲ್ದಿದ್ರೆ ಅವ್ನ ಬ್ಯಾಟ್ರಿ ಅವ್ನಿಗೆ, ನಮ್ಮ ಶಾಲೆ ನಮ್ಗೆ."

ಕೈ ಸೋಕದಂತೆ ಎಂಬ ಮಾತನ್ನು ಗಿರಿಯಪ್ಪ ಒಂದು ಪಾಕೆಟ್ ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದ.

ಹೊರಟ ಬೆಳಿಗ್ಗೆ ಅವನ ಜೊತೆಗೆ ಲಿಂಗದಹಳ್ಳಿಯ ಚಿಕ್ಕಬೀರಪ್ಪನೂ ಇದ್ದ. ನಾಲ್ಕು ಬ್ಯಾಟರಿಗಳಲ್ಲಿ ಎರಡು ಅವನ ಮೈಕ್‌ಸೆಟ್ಟಿನವು. ಅಂದು ಸಂಜೆ ಅಜ್ಜಂಪುರದಲ್ಲಿ ಒಂದು ಮದುವೆಗೆ ಅವನು ಹಾಡು ಹಾಕಬೇಕಿತ್ತು. ಬ್ಯಾಟರಿ ಕೊಡುತ್ತೇನೆ, ಆದರೆ ಬ್ಯಾಟರಿ ಎಲ್ಲೋ ಅಲ್ಲಿ ನಾನು ಎಂದು ತನ್ನ ಮೈಕನ್ನೂ ಕಹಳೆಯಂಥ ಸ್ಪೀಕರನ್ನೂ ತೊಡೆಯ ಮೇಲಿಟ್ಟುಕೊಂಡು ಹತ್ತಿ ಕೂತ.

"ಹೊಲ್ಡು ಮತ್ತೆ ಗಿರಿಯಣ್ಣ."

"ಹೊಲ್ಟಾಯ್ತಲ್ಲ ಬೀರಣ್ಣ."

ಚಿಕ್ಕಬೀರಪ್ಪ ಕಿಟಕಿಯಾಚೆ ನೋಡಿದ. ಬಸ್ ಸ್ಟ್ಯಾಂಡು ಹಿಂದೆ ಸರಿಯುತ್ತಿತ್ತು. "ಅಯ್ಯೋ ಶಿವನೇ! ಸದ್ದಿಲ್ದಂಗೆ ಹೊತ್ಕೊಂಡು ಹೋಯ್ತದಲ್ಲೋ ಇದು!"

ಇಪ್ಪತ್ತು ಚಿಲ್ಲರೆ ಕಿಲೋಮೀಟರು ಸೊಗಸಾಗಿ ಸಾಗಿತು. ಸೈಕಲ್ಲಿನವರು ಹಿಂದೆ ಹಾಕಿ ಹೋದರು. ಒಂದು ಎತ್ತಿನ ಗಾಡಿಯನ್ನು ಇವರೇ ಹಿಂದೆ ಹಾಕಿದರು. ಗಿರಿಯಪ್ಪನ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಕಣ್ಣು ವೋಲ್ಟು ತೋರಿಸುವ ಮುಳ್ಳಿನ ಮೇಲೆ. ಏರು ಬಂದರೆ ಮುಳ್ಳು ಕುಸಿಯುವುದು, ಅದರ ಜೊತೆ ಅವನ ಮುಖವೂ ಕುಸಿಯುವುದು. ಇಳಿಜಾರಿನಲ್ಲಿ ಎರಡೂ ಚೇತರಿಸಿಕೊಳ್ಳುವುವು.

ಅಜ್ಜಂಪುರದ ಹೊರಗೆ ರೈಲ್ವೆ ಗೇಟು ಹಾಕಿತ್ತು. ಗಿರಿಯಪ್ಪ ನಿಲ್ಲಿಸಿ ಸ್ವಿಚ್ಚು ತೆಗೆದ. ಮುಂದಿದ್ದ ಬಸ್ಸು, ಹಿಂದಿದ್ದ ಲಾರಿ ನಿಂತಲ್ಲೇ ಗಡಗಡ ನಡುಗಿಕೊಂಡು ಹೊಗೆ ಬಿಡುತ್ತಿದ್ದವು. ಇವರದು ಸುಮ್ಮನೆ ನಿಂತಿತ್ತು. ನಿಂತಾಗ ಚೂರೂ ಕರೆಂಟು ತಿನ್ನುವುದಿಲ್ಲ, ಅದೇ ಇದರ ಗುಣ ಎಂದು ಅವನು ಚಿಕ್ಕಬೀರಪ್ಪನಿಗೆ ವಿವರಿಸುತ್ತಿರುವಾಗಲೇ ರೈಲು ಹೋಗಿ ಗೇಟು ತೆರೆಯಿತು. ಸ್ವಿಚ್ಚಿಗೆ ಕೈ ಹಾಕುವ ಮೊದಲೇ ಕಾರು ತಾನಾಗಿ ಹೊರಟಿತು.

ಗಿರಿಯಪ್ಪ ಕಿಟಕಿಯಾಚೆ ತಲೆ ಹಾಕಿದ. ತಿರುಗಿ ನೋಡಿದರೆ ಹಿಂದುಗಡೆ ನಾಲ್ಕು ಜನ, ತಲೆ ತಗ್ಗಿಸಿ, ಪಂಚೆ ಎತ್ತಿ ಕಟ್ಟಿ, ತಳ್ಳುತ್ತಿದ್ದರು.

"ಬ್ಯಾಡಿ! ಬ್ಯಾಡಿ ಕಣ್ರಪ್ಪಾ! ಕೈ ಬಿಡಿ!"

"ನೀವ್ ಸುಮ್ಕಿರಿ ಸಾರ್, ಗೇರಾಕಿ! ಇನ್ನೊಂದು ಸ್ವಲ್ಪ ದೂರ, ಹತ್ಕೊಂಡ್ಬಿಡ್ತದೆ!"

ಅದರ ಕಾರಣ ಗಿರಿಯಪ್ಪನಿಗೆ ಆಮೇಲೆ ತಿಳಿಯಿತು. ಮಲ್ಲಿಕಾರ್ಜುನಯ್ಯನವರ ಬಳಿ ಒಂದು ಹಳೇ ಕಾರಿತ್ತು. ಹತ್ತು ವರ್ಷದಿಂದ ಅದು ಒಂದು ದಿನವೂ ತಾನಾಗಿ ಸ್ಟಾರ್ಟ್ ಆಗಿರಲಿಲ್ಲ. ಬೆಳಿಗ್ಗೆ ಮನೆಯಿಂದ ಮಂಡಿಗೆ, ಮಧ್ಯಾಹ್ನ ಮಂಡಿಯಿಂದ ಮನೆಗೆ, ಊರಿನವರೇ ತಳ್ಳಿ ಕಳಿಸುತ್ತಿದ್ದರು; ಜನ ಸಾಲದಿದ್ದರೆ ಅವರೂ ಇಳಿದು ಕೈ ಹಚ್ಚುತ್ತಿದ್ದರು. ಹೀಗಾಗಿ ಸದ್ದಿಲ್ಲದ ಕಾರಿನಲ್ಲಿ ಸ್ಟೀರಿಂಗ್ ಹಿಡಿದು ಒಬ್ಬ ಮನುಷ್ಯ ಕೂತಿದ್ದರೆ ಹಿಂದಿನಿಂದ ಹೋಗಿ ಕೈ ಹಚ್ಚುವುದು ಆ ಊರಿನಲ್ಲಿ, ಬಿದ್ದವನನ್ನು ಎತ್ತಿ ಕೂರಿಸುವಷ್ಟೇ ಸಹಜವಾಗಿತ್ತು. ಗೇಟಿನಲ್ಲಿ ಬಿಡಿಸಿಕೊಂಡು ಹೊರಟ ಕಾರು ಊರೊಳಗೆ ಹೋಟೆಲಿನ ಮುಂದೆ ನಿಧಾನವಾದ ಕೂಡಲೇ ಆ ನಾಲ್ವರೂ ಓಡಿ ಬಂದು ಮತ್ತೆ ಕೈ ಹಚ್ಚಿದರು. ಕ್ಷೌರ ಮಾಡಿಸಿಕೊಳ್ಳುತ್ತಿದ್ದವನೊಬ್ಬ ಅರ್ಧ ಗಡ್ಡದಲ್ಲೇ ಎದ್ದು ಬಂದ. ಹೋಟೆಲಿನ ತಮ್ಮಯ್ಯ ಒಂದು ಚೆಂಬು ನೀರು ಹಿಡಿದು ರೇಡಿಯೇಟರು ಎಲ್ಲಿ ಎಂದು ಹುಡುಕಿಕೊಂಡು ಜೊತೆಗೇ ಓಡಿದ.

"ಬೀರಣ್ಣ, ಮೈಕಲ್ಲಿ ಹೇಳು, ತಳ್ಳಬ್ಯಾಡಿ ಅಂತ!"

"ಬ್ಯಾಟ್ರಿ ಖರ್ಚಾಗ್ತದಲ್ಲೋ?"

ಗಿರಿಯಪ್ಪ ಒಂದು ಕ್ಷಣ ನಿಜವಾಗಿಯೂ ಲೆಕ್ಕ ಹಾಕಿದ. "ಚೂರು ಆಗ್ತದೆ. ಬೇಗ ಹೇಳು."

ಚಿಕ್ಕಬೀರಪ್ಪ ಸ್ಪೀಕರನ್ನು ಕಿಟಕಿಯಾಚೆ ಚಾಚಿ ಮೈಕು ಹಿಡಿದ. "ಮಹಾಜನಗಳೇ! ಯಾರೂ ಈ ಕಾರನ್ನ ತಳ್ಳಬಾರ್ದಾಗಿ ಕೇಳ್ಕೊಳ್ತೀವಿ! ಇದು ತಾನೇ ಓಡೋ ಕಾರು!"

ಮೈಕಿನ ದನಿ ಕೇಳಿದ್ದೇ ತಡ, ಅಡ್ಡರಸ್ತೆಗಳಿಂದ ಇನ್ನೂ ಎಂಟು ಜನ ಓಡಿ ಬಂದರು. ಪಾಪ, ಏನೋ ತೊಂದರೆ ಇರಬೇಕು, ಮೈಕಿನಲ್ಲಿ ಕೂಗಿಕೊಳ್ಳುತ್ತಿದ್ದಾರೆ ಎಂದು ಅವರೂ ಕೈ ಹಚ್ಚಿದರು.

ಕೊನೆಗೆ ಗಿರಿಯಪ್ಪ ಸ್ವಿಚ್ಚಿನ ಹಿಡಿಯನ್ನು ಪೂರ್ತಿ ಎಳೆದ. ಕಾರು ಮುಂದಕ್ಕೆ ಹಾರಿತು. ತಳ್ಳುತ್ತಿದ್ದವರು ಒಬ್ಬರ ಮೇಲೊಬ್ಬರು ಬಿದ್ದು, "ಹತ್ಕೊಂತು! ಹತ್ಕೊಂತು!" ಎಂದು ಚಪ್ಪಾಳೆ ತಟ್ಟಿದರು. ಆದರೆ ಶಾಲೆಯ ಗೇಟಿನಲ್ಲಿ ಹಸುವೊಂದು ಅಡ್ಡ ಮಲಗಿತ್ತು. ನಿಲ್ಲಿಸಲೇಬೇಕಾಯಿತು. ಹಸು ಎದ್ದಿತು, ಹಿಂದಿನಿಂದ ಜನ ಬಂದರು. ಕೈ ಸೋಕದ ಕಾರು ಹದಿನಾಲ್ಕು ಜನರ ಇಪ್ಪತ್ತೆಂಟು ಕೈಗಳ ಮೇಲೆ ಅಂಗಳಕ್ಕೆ ಬಂದು ನಿಂತಿತು.

ಅಂಗಳದಲ್ಲಿ ಮಲ್ಲಿಕಾರ್ಜುನಯ್ಯನವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಮಲ್ಲಿಕಾಂಬ, ಹಿಂದೆ ನೂರೈವತ್ತು ಹುಡುಗಿಯರು.

"ಶಾನೆ ಚೆನ್ನಾಗಿ ಬಂತು ಕಣಯ್ಯಾ," ಎಂದರು ಕಾರ್ಯದರ್ಶಿಗಳು. "ಇಂಥ ಕಾರು ನಮ್ಮನೇಲೂ ಒಂದೈತೆ."

ಹುಡುಗಿಯರು ಕಿಸಕ್ಕೆಂದರು. ಗಿರಿಯಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಜೇಬಿನಿಂದ ಪಾಕೆಟ್ ಪುಸ್ತಕ ತೆಗೆದ. ಅಷ್ಟು ಗಲಾಟೆಯ ನಡುವೆಯೂ ಬರೆಯುವುದನ್ನು ಅವನು ಬಿಟ್ಟಿರಲಿಲ್ಲ.

"ತಳ್ಳಿದ್ದು ನಿಜ ಸಾರ್. ರೈಲ್ವೆ ಗೇಟಲ್ಲಿ ಅಂದಾಜು ಎಂಬತ್ತಡಿ. ಹೋಟ್ಲು ಮುಂದೆ ನೂರಿಪ್ಪತ್ತು. ಇಲ್ಲಿ ಗೇಟಲ್ಲಿ ನಲವತ್ತು. ಮಿಕ್ಕಿದ್ದೆಲ್ಲ ತಾನೇ ಬಂತು. ಆದ್ರೂ ಷರತ್ತು ಷರತ್ತೇ. ನಾನು ವಾಪಸ್ ಹೋಗ್ತೀನಿ."

"ಥೂ ನಿನ್ನ!" ಎಂದು ಚಿಕ್ಕಬೀರಪ್ಪ ಹಣೆ ಚಚ್ಚಿಕೊಂಡ. "ಯಾರಾದ್ರೂ ಕೇಳಿದ್ರಾ ಅಡಿ ಲೆಕ್ಕ?"

ಮಲ್ಲಿಕಾಂಬ ಅವರು ಎದ್ದು ನಿಂತರು. "ಹೋಗೋದು ಇದ್ದೇ ಇದೆ. ಬಂದ ಮೇಲೆ ಮಕ್ಕಳಿಗೆ ಒಂದು ಪಾಠ ಹೇಳಿ ಹೋಗಿ."

ಗಿರಿಯಪ್ಪ ಬಾನೆಟ್ಟು ಎತ್ತಿದ. ಪಾಠಕ್ಕೆಂದು ಎಂಟು ಪುಟ ಬರೆದುಕೊಂಡು ಬಂದಿದ್ದ. ಒಂದೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ.

"ಬುಕ್ಕಾಂಬುಧಿ ಕೆರೆ ನೋಡಿದ್ದೀರಲ್ಲ? ಬ್ಯಾಟರಿ ಅಂದ್ರೆ ಆ ಕೆರೆ. ಈ ಸ್ವಿಚ್ಚು ಕೆರೆಯ ತೂಬು. ತೂಬು ಎತ್ತಿದಷ್ಟು ನೀರು, ಹಿಡಿ ಎಳೆದಷ್ಟು ಕರೆಂಟು. ಒಂದು ಮೆಟ್ಟಲು ಎಳೆದ್ರೆ ಒಂದು ಬ್ಯಾಟರಿ, ಕಾರು ಮೆಲ್ಲಗೆ ಹೋಗ್ತದೆ. ಪೂರ್ತಿ ಎಳೆದ್ರೆ ನಾಲ್ಕೂ ಸೇರ್ತವೆ, ಜೋರಾಗಿ ಹೋಗ್ತದೆ. ರಾತ್ರಿ ಮನೆ ಕರೆಂಟಿಂದ ಚಾರ್ಜ್ ಮಾಡಿದ್ರೆ ಕೆರೆ ತಿರುಗಿ ತುಂಬ್ತದೆ."

"ಮೋಟಾರು ಹ್ಯಾಗೆ ತಿರುಗ್ತದೆ ಸಾರ್?" ಒಂಬತ್ತನೇ ತರಗತಿಯ ಪಂಕಜಾಕ್ಷಿ ಕೇಳಿದಳು.

"ಎರಡು ಆಯಸ್ಕಾಂತದ ಒಂದೇ ಧ್ರುವ ಎದುರುಬದುರು ಹಿಡಿದ್ರೆ ಒಂದನ್ನೊಂದು ತಳ್ತವೆ, ಅಲ್ವಾ? ಇದರೊಳಗೆ ಹೊರಗಡೆ ಒಂದು ಆಯಸ್ಕಾಂತ ಅಲ್ಲಾಡದೆ ಕೂತಿದೆ. ನಡುವೆ ಒಂದು ತಂತಿಯ ಸುರುಳಿ. ಕರೆಂಟು ಹರಿದ್ರೆ ಸುರುಳಿನೂ ಆಯಸ್ಕಾಂತ ಆಗ್ತದೆ. ಹೊರಗಿನದು ಅದನ್ನ ತಳ್ತದೆ, ಅದು ತಿರುಗ್ತದೆ. ಇನ್ನೇನು ಸಮಾಧಾನವಾಗಿ ನಿಲ್ಬೇಕು ಅನ್ನೋವಾಗ ಈ ಕರಿ ಬ್ರಷ್ಷು ಕರೆಂಟಿನ ದಿಕ್ಕು ಬದಲಾಯಿಸ್ತದೆ. ಮತ್ತೆ ತಳ್ತದೆ. ನಿಲ್ಲೋಕೇ ಬಿಡೋದಿಲ್ಲ."

"ಅಂದ್ರೆ ಒಳಗೂ ತಳ್ಳಾಟನೇ ಅನ್ನು!" ಎಂದರು ಮಲ್ಲಿಕಾರ್ಜುನಯ್ಯನವರು. ಹಾಸ್ಯಕ್ಕೆ ಅಂದದ್ದು. ಆದರೆ ಹೇಳಿದ ಮೇಲೆ ತಾವೇ ಕುರ್ಚಿಯಿಂದ ಎದ್ದು ಬಾನೆಟ್ಟಿನೊಳಗೆ ಬಗ್ಗಿ ನೋಡಿದರು.

ಪಂಕಜಾಕ್ಷಿ ಇನ್ನೂ ಕೂತಿರಲಿಲ್ಲ. "ಹೊರಗಿಂದ ಜನ ಕಾರು ತಳ್ಳಿದಾಗಲೂ ಮೋಟಾರು ತಿರುಗ್ತದಲ್ಲ ಸಾರ್, ಆಗೇನಾಗ್ತದೆ?"

ಗಿರಿಯಪ್ಪನ ಮುಖ ಅರಳಿತು. ಎಂಟು ಪುಟದಲ್ಲಿ ಈ ಪ್ರಶ್ನೆ ಇರಲಿಲ್ಲ. ಆದರೆ ಉತ್ತರ ಅವನಿಗೆ ಗೊತ್ತಿತ್ತು. ಅವನು ಬ್ಯಾಟರಿಯಿಂದ ಮೋಟಾರಿಗೆ ಹೋಗುವ ದಪ್ಪ ತಂತಿ ಬಿಚ್ಚಿ, ಅದರ ಜಾಗಕ್ಕೆ ಹೆಡ್‌ಲೈಟಿನ ಬಲ್ಬು ಕಟ್ಟಿದ. ಹೊರಗಿನ ಆಯಸ್ಕಾಂತಕ್ಕೆ ಮಾತ್ರ ಬ್ಯಾಟರಿಯಿಂದ ಒಂದು ಸಣ್ಣ ತಂತಿ ಬಿಟ್ಟ, ಅದೂ ಕರೆಂಟಿನಿಂದಲೇ ಆಗುವ ಆಯಸ್ಕಾಂತ. ಬಲ್ಬನ್ನು ಪಂಕಜಾಕ್ಷಿಯ ಕೈಗೆ ಕೊಟ್ಟು, ಕಾರಿನ ಪಕ್ಕದಲ್ಲೇ ನಡೆಯಲು ಹೇಳಿದ.

"ಈಗ ತಳ್ಳಿ ಕಣ್ರಪ್ಪಾ!"

ಅಜ್ಜಂಪುರದವರಿಗೆ ಎರಡು ಸಲ ಹೇಳಬೇಕಾಗಲಿಲ್ಲ. ಹದಿನಾಲ್ಕು ಜನ ತಳ್ಳಿದರು. ಬಲ್ಬು ಕೆಂಪಗಾಯಿತು, ಹಳದಿಯಾಯಿತು, ಓಟ ಹೆಚ್ಚಿದಂತೆ ಬೆಳ್ಳಗೆ ಉರಿಯಿತು. ಹುಡುಗಿಯರು ಕೂಗಿದರು. ಮಲ್ಲಿಕಾರ್ಜುನಯ್ಯನವರಿಗೆ ತಡೆಯಲಾಗಲಿಲ್ಲ. ಶಲ್ಯವನ್ನು ಕುರ್ಚಿಗೆ ಹಾಕಿ ಅವರೂ ಹೋಗಿ ಕೈ ಹಚ್ಚಿದರು.

"ಹತ್ತಿತೇನ್ರೋ? ನನ್ನ ಕೈಗೆ ಹತ್ತಿತೇನ್ರೋ?" ಎಂದು ಹಿಂದಿನಿಂದಲೇ ಕೇಳುತ್ತ ಎರಡು ಸುತ್ತು ತಳ್ಳಿದರು.

ಸುಸ್ತಾಗಿ ಬಂದು ಕೂತ ಮೇಲೆ ಅವರಿಗೆ ತಾವು ಕಾರ್ಯದರ್ಶಿ ಎಂಬುದು ನೆನಪಾಯಿತು. "ಪಾಠ ಚೆನ್ನಾಗಿತ್ತಯ್ಯಾ. ಆದ್ರೆ ಇದು ತಳ್ಳಿಸ್ಕೊಳ್ಳೋದನ್ನೇ ನಾನು ನೋಡಿದ್ದು. ತಾನೇ ಓಡಿದ್ದು ನೋಡ್ಲಿಲ್ಲ."

"ಹಾಗಾದ್ರೆ ಈಗ ಇಲ್ಲೇ ಓಡ್ಲಿ," ಎಂದರು ಮಲ್ಲಿಕಾಂಬ. "ಗೇಟಿನಿಂದ ಧ್ವಜದ ಕಂಬದವರೆಗೆ. ಒಪ್ತೀರಾ?"

ಕಾರ್ಯದರ್ಶಿಗಳು ತಲೆಯಾಡಿಸಿದರು, ಊರಿನವರು ಕಾರನ್ನು ಗೇಟಿಗೆ ತಳ್ಳಿ ಬಿಟ್ಟರು. ಗಿರಿಯಪ್ಪ ಮುಳ್ಳು ನೋಡಿದ. ಬಂದಾಗ ಅದು ತೀರಾ ಕೆಳಗೆ ಬಿದ್ದಿತ್ತು. ಈಗ ಕೊಂಚ ಮೇಲಿತ್ತು. ದಣಿದ ಬ್ಯಾಟರಿಗೂ ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಚೂರು ಉಸಿರು ಬರುತ್ತದೆ. ಆ ಉಸಿರು ಧ್ವಜದ ಕಂಬದವರೆಗೆ ಸಾಕೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ತಂತಿಗಳನ್ನು ಮತ್ತೆ ಕಟ್ಟಿ, ಮೂರು ಸಲ ನೋಡಿದ. ನಾಲ್ಕನೇ ಸಲ ನೋಡುವಾಗ ಚಿಕ್ಕಬೀರಪ್ಪ ಅವನನ್ನು ಹಿಡಿದು ಸೀಟಿಗೆ ಕೂರಿಸಿದ.

ಮಲ್ಲಿಕಾಂಬ ಅವರು ಬೆತ್ತ ಹಿಡಿದು ಊರಿನವರನ್ನೆಲ್ಲ ಹತ್ತಡಿ ದೂರ ನಿಲ್ಲಿಸಿದರು. "ಎಲ್ಲಾರೂ ಕೈ ಕಟ್ಟಿ! ತಮ್ಮಯ್ಯಾ, ಚೆಂಬು ಕೆಳಗಿಡು!"

ಗಿರಿಯಪ್ಪ ಹಿಡಿ ಎಳೆದ. ಕಾರು ಸದ್ದಿಲ್ಲದೆ ಹೊರಟಿತು. ಅರ್ಧ ಅಂಗಳ ದಾಟಿತು. ಆಮೇಲೆ ವೇಗ ಇಳಿಯತೊಡಗಿತು. ಕಂಬ ಇನ್ನು ಮೂವತ್ತಡಿ. ಕಾರು ಬಸವನ ಹುಳದಂತೆ ತೆವಳುತ್ತಿತ್ತು, ಆದರೆ ನಿಂತಿರಲಿಲ್ಲ. ಅದರ ಕಷ್ಟ ನೋಡಲಾರದೆ ಊರಿನವರು ಕಟ್ಟಿದ ಕೈಗಳನ್ನು ಹಿಸುಕಿಕೊಳ್ಳುತ್ತಿದ್ದರು. ಅರ್ಧ ಗಡ್ಡದವನ ಕಣ್ಣಲ್ಲಿ ನೀರೇ ಬಂದಿತ್ತು.

ಆಗ ಗುಂಪಿನಿಂದ ಒಬ್ಬರು ಓಡಿದರು. "ಅಯ್ಯಯ್ಯೋ, ನಿಂತೋಯ್ತದೆ ಕಣ್ರೋ!" ಎಂದು ಎರಡೂ ಕೈ ಹಚ್ಚಿ ಕಂಬದವರೆಗೆ ತಳ್ಳಿ ನಿಲ್ಲಿಸಿದರು.

ತಳ್ಳಿದವರು ಮಲ್ಲಿಕಾರ್ಜುನಯ್ಯನವರು.

ಅವರು ತಮ್ಮ ಅಂಗೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. "ಹತ್ತು ವರ್ಷದ ಅಭ್ಯಾಸ," ಎಂದರು ಮೆಲ್ಲಗೆ. "ಅದು ನಿಂತಿರ್ಲಿಲ್ಲ, ಅಲ್ವಾ?"

"ಇಲ್ಲ ಸಾರ್. ಮುಳ್ಳು ಇನ್ನೂ ತೋರಿಸ್ತಿದೆ. ಆದ್ರೆ..." ಗಿರಿಯಪ್ಪ ಸಂಕೋಚದಿಂದಲೇ ಪಾಕೆಟ್ ಪುಸ್ತಕ ತೆಗೆದು ಬರೆದ: ಕಾರ್ಯದರ್ಶಿಗಳು, ಇಪ್ಪತ್ತಡಿ. "ಇಲ್ಲೊಂದು ಸೈನ್ ಮಾಡಿದ್ರೆ ಚೆನ್ನಾಗಿರ್ತದೆ ಸಾರ್. ನಾಳೆ ಯಾರೂ ಅನುಮಾನ ಪಡಬಾರ್ದು."

ಮಲ್ಲಿಕಾರ್ಜುನಯ್ಯನವರು ಅವನನ್ನೂ ಪುಸ್ತಕವನ್ನೂ ನೋಡಿದರು. ನಗು ಹೊಟ್ಟೆಯಿಂದ ಶುರುವಾಗಿ ಮೀಸೆಯವರೆಗೆ ಬಂತು. ಸೈನ್ ಮಾಡಿ, ಅದರ ಕೆಳಗೇ ಇನ್ನೊಂದು ಸಾಲು ಬರೆದು ಪುಸ್ತಕ ವಾಪಸು ಕೊಟ್ಟರು. ಗಿರಿಯಪ್ಪ ಮೂರು ಸಲ ಓದಿದ: ಸೋಮವಾರದಿಂದ ಕೆಲಸಕ್ಕೆ ಬರುವುದು.

"ಮೊದಲ್ನೇ ಪಾಠಕ್ಕೆ ನಮ್ಮನೆ ಕಾರೇ ತರ್ಸೋಣ ಮೇಷ್ಟ್ರೇ," ಎಂದರು ಕಾರ್ಯದರ್ಶಿಗಳು. "ಅದಕ್ಕೇನಾಗಿದೆ ಅಂತ ಮಕ್ಕಳೇ ನೋಡ್ಲಿ."

ಇಷ್ಟರಲ್ಲಿ ಹೊತ್ತು ಇಳಿದಿತ್ತು. ಮದುವೆ ಮನೆಯವರು ಕಾಯುತ್ತಿರುತ್ತಾರೆಂದು ಚಿಕ್ಕಬೀರಪ್ಪ ತನ್ನ ಎರಡು ಬ್ಯಾಟರಿಗಳನ್ನು ಬಿಚ್ಚಿಕೊಂಡ. ಅವಕ್ಕೆ ಚಾರ್ಜ್ ಬೇಕು ಕಣೋ ಎಂದು ಗಿರಿಯಪ್ಪ ಹೇಳಿದ್ದಕ್ಕೆ, ಹಾಡು ಮೆಲ್ಲಗೆ ಹಾಕ್ತೀನಿ ಬಿಡು ಎಂದು ಕೈಗಾಡಿಯಲ್ಲಿಟ್ಟುಕೊಂಡು ಹೊರಟ. ಉಳಿದ ಎರಡಕ್ಕೆ ಜೀವವಿರಲಿಲ್ಲ. ಕಾರನ್ನು ಶಾಲೆಯ ಶೆಡ್ಡಿಗೆ ಸೇರಿಸಬೇಕಿತ್ತು.

"ಒಂದ್ ಕೈ ಹಚ್ಚಿ ಕಣ್ರಪ್ಪಾ," ಎಂದು ಗಿರಿಯಪ್ಪ ಕೂಗಿದ.

ಹದಿನಾಲ್ಕು ಜನ ಹತ್ತಡಿ ದೂರದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ಒಬ್ಬರೂ ಅಲ್ಲಾಡಲಿಲ್ಲ.

"ತಾನೇ ಓಡೋ ಕಾರಲ್ವಾ ಮೇಷ್ಟ್ರೇ," ಎಂದ ತಮ್ಮಯ್ಯ. "ನಾವು ಮುಟ್ಟಿದ್ರೆ ನೀವು ಪುಸ್ತಕದಲ್ಲಿ ಬರ್ಕೋತೀರಿ."