ಹಾಲಮ್ಮನ ಬಲಗಿವಿ

ಭುವನಾ ಅವ್ವನ ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು, "ಹೂಂ, ಹುಯ್ಯಿ ಅತ್ತಿಗೆ" ಎಂದಳು. ವನಜಾಕ್ಷಿ ಬಿಸಿನೀರಿನ ಚೊಂಬು ಬಗ್ಗಿಸುವಷ್ಟರಲ್ಲಿ ಹೆಣದ ಕಿವಿಯಿಂದ ಕುಯ್ಯೆಂದು ಸಿಳ್ಳೆ ಹೊರಟಿತು.

ಮರೆಗೆಂದು ಸುತ್ತ ಸೀರೆ ಹಿಡಿದು ನಿಂತಿದ್ದ ಹೆಂಗಸರು ಸೀರೆ ಬಿಟ್ಟು ದಿಕ್ಕಾಪಾಲಾದರು. ಒಬ್ಬಳಂತೂ ಹಿತ್ತಿಲು ದಾಟಿ ತಿಪ್ಪೆಯ ಹತ್ತಿರ ಹೋಗಿ ನಿಂತಳು. "ಜೀವ ಐತೆ ಕಣ್ರೇ! ಹಾಲಮ್ಮಂಗೆ ಇನ್ನೂ ಜೀವ ಐತೆ!" ಎಂದು ಇನ್ನೊಬ್ಬಳು ಕೂಗಿದಳು. ವನಜಾಕ್ಷಿಯ ಕೈಯ ಚೊಂಬು ಚಪ್ಪಡಿಯ ಮೇಲೆ ಬಿದ್ದು ಠಣಠಣ ಉರುಳಿತು.

ಭುವನಾ ಮಾತ್ರ ಗಟ್ಟಿಗಿತ್ತಿ. ತರೀಕೆರೆಯಲ್ಲಿ ಹೊಲಿಗೆ ಅಂಗಡಿ ನಡೆಸಿಕೊಂಡು, ದಿನಕ್ಕೆ ಹತ್ತು ಜನರ ಬಾಯಿಗೆ ಉತ್ತರ ಕೊಟ್ಟು ಬಾಳುವವಳು. ಕೈ ಹಿಂದಕ್ಕೆ ತೆಗೆದಳು, ಸದ್ದು ನಿಂತಿತು. ಮತ್ತೆ ಕಿವಿಯ ಹತ್ತಿರ ತಂದಳು, ಮತ್ತೆ ಕುಯ್ಯೆಂದಿತು. ಅವ್ವನ ನರೆಗೂದಲು ಸರಿಸಿ ಬಲಗಿವಿಯ ಹಿಂದಿನಿಂದ ಏನನ್ನೋ ಎಳೆದಳು. ಮೈಬಣ್ಣದ ಪುಟ್ಟ ವಸ್ತು; ಅದಕ್ಕೊಂದು ತೆಳ್ಳನೆಯ ನಳಿಗೆ, ನಳಿಗೆಯ ತುದಿಗೆ ಮೆತ್ತನೆಯ ಬಿರಡೆ.

"ಕಿವಿ ಮಿಷನ್ನು," ಎಂದು ಅದನ್ನು ವನಜಾಕ್ಷಿಯ ಮುಖದ ಮುಂದೆ ಹಿಡಿದಳು. "ಅವ್ವಂಗೆ ಕಿವಿ ಕೇಳ್ತಿತ್ತಾ ಅತ್ತಿಗೆ?"

ಹಾಲಮ್ಮ ಹನ್ನೆರಡು ವರ್ಷದಿಂದ ಕಿವುಡಿ. ಇದು ಇಡೀ ಸಿಂಗಟಗೆರೆಗೆ ಗೊತ್ತಿದ್ದ ಸಂಗತಿ. ಬೆನ್ನ ಹಿಂದೆ ಪಟಾಕಿ ಹೊಡೆದರೂ ತಿರುಗದ ಮುದುಕಿ. "ನಂಗೊತ್ತಿಲ್ಲ ಭುವನಾ, ನಿನ್ನಾಣೆಗೂ ಗೊತ್ತಿಲ್ಲ," ಎಂದಳು ವನಜಾಕ್ಷಿ. ನಿಜವನ್ನೇ ಹೇಳಿದ್ದಳು, ಆದರೆ ಅವಳ ದನಿ ಅವಳಿಗೇ ಸುಳ್ಳುಬುರುಕಿಯ ದನಿಯಂತೆ ಕೇಳಿಸಿತು.

"ಒಂದೇ ಸೂರಿನ ಕೆಳಗೆ ಇದ್ಕೊಂಡು ಗೊತ್ತಿಲ್ವಾ? ನಾನು ಫೋನ್ ಮಾಡ್ದಾಗೆಲ್ಲ ಏನಂತಿದ್ದೆ? 'ಅತ್ತೆಗೆ ಕೊಟ್ಟು ಏನ್ ಮಾಡ್ಲಿ, ಅವ್ರಿಗೆಲ್ಲಿ ಕೇಳುತ್ತೆ' ಅಂತಿದ್ದೆ. ಅವ್ವ ನಂಗೆ ಏನಾದ್ರೂ ಹೇಳ್ಕೊಂಡ್ಬಿಡ್ತಾಳೆ ಅಂತ ತಾನೇ?"

ಅಷ್ಟರಲ್ಲಿ ಪಕ್ಕದ ಮನೆಯ ನಂಜುಂಡಪ್ಪನ ಹೆಂಡತಿ ಧೈರ್ಯ ಮಾಡಿ ಹತ್ತಿರ ಬಂದಳು. "ಅದು ಬರೀ ಕೇಳೋ ಮಿಷನ್ ಅಲ್ಲ ಕಣ್ರೇ. ಫೋನಿಗೆ ಕನೆಕ್ಷನ್ ಇರುತ್ತೆ. ಮನೇಲಿ ಆಡಿದ್ದನ್ನೆಲ್ಲ ತುಂಬಿಟ್ಕೊಳ್ಳುತ್ತಂತೆ. ನಮ್ಮ ಹುಡುಗಿ ಅನುಷಾ ಕಾಲೇಜಲ್ಲಿ ನೋಡವ್ಳೆ." ಈ ಮಾತಿಗೆ ಅಲ್ಲಿದ್ದ ನಾಲ್ಕೈದು ಹೆಂಗಸರ ಮುಖ ಬಿಳಿಚಿಕೊಂಡಿತು. ಹೆದರಬೇಕಾದ್ದೇ. ಎಲ್ಲರೂ ಹಾಲಮ್ಮನ ಜಗಲಿಯ ಮೇಲೆ ಕೂತು ಊರವರ ಹುಳುಕನ್ನೆಲ್ಲ ಬಾಯ್ತುಂಬ ಆಡಿಕೊಂಡು ಹೋದವರೇ. ಕಿವುಡಿ ತಾನೇ ಎಂಬ ಧೈರ್ಯ.

ವನಜಾಕ್ಷಿಗೆ ಮಿಷನ್ ಯಾರು ತಂದರು ಎಂಬುದು ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ. ಇದು ಅತ್ತೆಯ ಕಿವಿಗೆ ಬಂದದ್ದು ಆಷಾಢಕ್ಕೆ ಮುಂಚೆಯೋ, ಆಮೇಲೋ?

*

ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ಬೆಳಗಿಟ್ಟು, ಅತ್ತೆಯ ಮಂಡಿಗೆ ಹರಳೆಣ್ಣೆ ತಿಕ್ಕುವುದು ವನಜಾಕ್ಷಿಯ ದಿನದ ಕೆಲಸ. ತಿಕ್ಕುತ್ತ ತಿಕ್ಕುತ್ತ ಮಾತಾಡುವುದು ಯಾವಾಗ ಶುರುವಾಯಿತೋ ಅವಳಿಗೇ ನೆನಪಿಲ್ಲ. ಗಂಡ ಹಾಲೇಶ ಗೂಡ್ಸ್ ಆಟೋದಲ್ಲಿ ಕಡೂರಿಗೆ ತೆಂಗಿನಕಾಯಿ ಸಾಗಿಸಿ ಬಂದವನು ಉಂಡು ಮಲಗಿದರೆ ಮುಗಿಯಿತು. ಮಗಳು ಭವ್ಯ ಕಡೂರಿನ ಹಾಸ್ಟೆಲಿನಲ್ಲಿ. ಇನ್ನು ಮಾತಿಗೆ ಸಿಗುತ್ತಿದ್ದದ್ದು ಆ ಎರಡು ಮಂಡಿಗಳು ಮಾತ್ರ.

ನಾಲ್ಕು ಜನರ ಮುಂದೆ "ಅತ್ತೆಯೋರೇ, ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದವಳು, ಜಗಲಿಯಲ್ಲಿ ಇಬ್ಬರೇ ಆದರೆ "ನೀನು" ಎಂದೇ ಶುರು ಹಚ್ಚುತ್ತಿದ್ದಳು. ಗಂಡನನ್ನು ಬೈಯುತ್ತಿದ್ದಳು, ನಾದಿನಿಯನ್ನು ಆಡಿಕೊಳ್ಳುತ್ತಿದ್ದಳು, ಬಿದ್ದ ಕನಸು ಹೇಳುತ್ತಿದ್ದಳು. ತವರಲ್ಲೂ ಬಾಯಿ ಬಿಡದ ಸಂಗತಿಗಳನ್ನು ಆ ಮಂಡಿಗಳ ಮುಂದೆ ಸುರಿದಿದ್ದಳು. ಮುದುಕಿ ತಲೆಯ ಮೇಲೆ ಸೆರಗು ಹೊದ್ದು, ಎಲೆಅಡಿಕೆ ಅಗಿಯುತ್ತ ಬೀದಿ ನೋಡುತ್ತಿದ್ದಳು.

ಆಷಾಢದಲ್ಲಿ ಒಂದು ವಾರ ಮನೆಯಲ್ಲಿ ಎಲ್ಲವೂ ಒಟ್ಟಿಗೇ ಬಂತು. ಹಾಲೇಶನಿಗೆ ಜ್ವರ, ಎಮ್ಮೆ ಈಯಿತು, ಅತ್ತೆಗೆ ಬಿಡದ ಕೆಮ್ಮು. ನಾಲ್ಕು ದಿನ ವನಜಾಕ್ಷಿಗೆ ನೆಟ್ಟಗೆ ಕಣ್ಣು ಮುಚ್ಚಲು ಆಗಿರಲಿಲ್ಲ. ಐದನೆಯ ದಿನ ಎಣ್ಣೆ ತಿಕ್ಕುವಾಗ ಬಾಯಿಂದ ಜಾರಿಯೇ ಹೋಯಿತು. "ನೀನು ಸತ್ತೋದ್ರೆ ಸಾಕು ಕಣತ್ತೆ. ಒಂದಿನ ಪೂರ್ತಿ ಬಾಗ್ಲು ಹಾಕ್ಕೊಂಡು ಮಲಗ್ಬಿಡ್ತೀನಿ."

ಹಾಲಮ್ಮ ಬೀದಿ ನೋಡುತ್ತಲೇ ಇದ್ದಳು. ಎಲೆ ಅಗಿಯುವುದು ಮಾತ್ರ ಒಂದು ಗಳಿಗೆ ನಿಂತಿತ್ತೇ? ನಿಂತಿರಲಿಲ್ಲವೇ? ವನಜಾಕ್ಷಿ ಈಗ ಎಷ್ಟು ತಿಣುಕಿದರೂ ಅದು ನೆನಪಿಗೆ ಬರುತ್ತಿಲ್ಲ.

*

ಮೈ ತೊಳೆದು, ಹೊಸ ಸೀರೆ ಉಡಿಸಿ, ಹಾಲಮ್ಮನನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದರು. ಹೊಲದಲ್ಲಿ ಗುಂಡಿ ತೋಡಿ ಆಗಿತ್ತು. ಆದರೆ ಭುವನಾ ಚಟ್ಟಕ್ಕೆ ಅಡ್ಡ ನಿಂತುಬಿಟ್ಟಳು.

"ಈ ಮಿಷನ್ ಯಾರು ತಂದಿದ್ದು, ಯಾಕೆ ಮುಚ್ಚಿಟ್ರು, ಗೊತ್ತಾಗೋವರ್ಗೂ ನಮ್ಮವ್ವನ್ನ ಎತ್ತೋಕೆ ಬಿಡಲ್ಲ."

ಹಾಲೇಶ ರೇಗಿದ. "ಯಾರು ತಂದಿದ್ದು ಅಂತ ನನ್ನ ಕೇಳ್ತೀಯಾ? ನೀನೇ ತಂದು ತೊಡಿಸಿರ್ಬೇಕು. ನಮ್ಮನೇಲಿ ಏನೇನ್ ನಡೀತದೆ ಅಂತ ತಿಳ್ಕೊಳ್ಳೋಕೆ."

"ಅಣ್ಣಾ! ಅವ್ವನ ಮುಂದೆ ನಿಂತ್ಕೊಂಡು ಹಿಂಗಂತೀಯಾ?"

"ಲೇ, ಸುಮ್ನಿರ್ರೋ ಇಬ್ರೂ," ಎಂದ ಸಾವಿನ ಕೆಲಸಕ್ಕೆಲ್ಲ ಮುಂದಾಳಾದ ಹಿರಿಯ ರಂಗಪ್ಪ. "ಹೊತ್ತು ವಾಲ್ತಾ ಐತೆ." ಅವನ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ. ಜನ ಕಂಬಕ್ಕೊಬ್ಬರು ಒರಗಿ ಗುಸುಗುಸು ಶುರು ಮಾಡಿದರು. ಬಾಗಿಲ ಮರೆಯಲ್ಲಿ ಕೂತ ವನಜಾಕ್ಷಿಗೆ ಎಲ್ಲ ಗುಸುಗುಸುವೂ ತನ್ನ ಹೆಸರೇ ಅನ್ನಿಸಿತು. ಕಳೆದ ತಿಂಗಳುಗಳನ್ನೆಲ್ಲ ಅವಳು ಕೆದಕತೊಡಗಿದಳು. ಒಲೆಯ ಮೇಲೆ ಹಾಲು ಉಕ್ಕಿದಾಗ ಜಗಲಿಯಿಂದ ಅತ್ತೆ ಕೂಗಿದ್ದಳಲ್ಲ, ಅದು ವಾಸನೆಗೋ, ಸದ್ದಿಗೋ? ತಲೆ ಬಾಚುತ್ತೇನೆಂದರೆ ಬಾಚಣಿಗೆ ಕಸಿದುಕೊಂಡು, "ನನ್ ತಲೆ ನಾನು ಬಾಚ್ಕೋತೀನಿ, ಹೋಗು" ಎನ್ನುತ್ತಿದ್ದಳಲ್ಲ, ಅದು ಬರೀ ಹಟವೋ?

ಅಷ್ಟರಲ್ಲಿ ಹಿಂದೆ ಎರಡು ಚಕ್ರ ಹೆಚ್ಚಿಗೆ ಇರುವ ಸ್ಕೂಟರೊಂದು ಬಂದು ನಿಂತಿತು. ಸಾವಿನ ಸುದ್ದಿ ಕೇಳಿ ಬಂದು ಇಳಿದವಳು ಪ್ರಜ್ಞಾ. ಅಜ್ಜಂಪುರದವಳು. ಅವಳ ಎಡಗಾಲು ಚಿಕ್ಕಂದಿನಿಂದಲೇ ಸಣ್ಣ. ತಾಲ್ಲೂಕಿನ ವಿಕಲಚೇತನರಿಗೆ ಊರುಗೋಲು, ಗಾಲಿಕುರ್ಚಿ ಕೊಡಿಸುವ ಕೆಲಸ ಅವಳದು. ತಿಂಗಳಿಗೊಮ್ಮೆ ಹಾಲಮ್ಮನ ಹತ್ತಿರ ಬಂದು ಕೂತು ಹೋಗುತ್ತಿದ್ದಳು. ಸರ್ವೆಯೋ ಏನೋ ಎಂದು ವನಜಾಕ್ಷಿ ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಪ್ರಜ್ಞಾ ಕೈ ಮುಗಿದು ನಿಂತಳು. ಭುವನಾ ಅಂಗೈ ಬಿಚ್ಚಿ ಮಿಷನ್ ತೋರಿಸಿದ್ದೇ ತಡ, "ಹೂಂ ಅಕ್ಕ, ಅದು ನಾವೇ ಕೊಟ್ಟಿದ್ದು," ಎಂದಳು.

"ಅವ್ವನ್ನ ಯಾರು ಕರ್ಕೊಂಡು ಬಂದಿದ್ರು?"

"ಯಾರೂ ಇಲ್ಲ. ಕಡೂರಲ್ಲಿ ನಮ್ಮ ಕ್ಯಾಂಪ್ ಇತ್ತು. ಅಜ್ಜಿ ಸಂತೆ ಬಸ್ಸಿಗೆ ಒಬ್ಬರೇ ಬಂದಿದ್ರು. ಚೀಲದಲ್ಲಿ ಎರಡು ತೆಂಗಿನಕಾಯಿ. ಪೂಜೆಗೇನೋ ತಂದವ್ರೆ ಅಂದ್ಕೊಂಡ್ವಿ." ಪ್ರಜ್ಞಾಳ ಮುಖದಲ್ಲಿ ತೆಳುವಾಗಿ ನಗೆ ಬಂತು. "ಡಾಕ್ಟ್ರು ಮಿಷನ್ ಹಾಕಿ 'ಅಜ್ಜಿ, ಕೇಳ್ತದಾ' ಅಂದ್ರೆ ಉತ್ತರಾನೇ ಇಲ್ಲ. ಚೀಲದಿಂದ ಕಾಯಿ ತೆಗೆದ್ರು, ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರು. 'ಇದು ಬ್ಯಾಡ, ಗಿರಣಿ ಸದ್ದು ಬತ್ತದೆ' ಅಂದ್ರು. ಇನ್ನೊಂದು ಹಾಕಿದ್ವಿ, ಅದೂ ಬ್ಯಾಡ. ಮೂರನೇದು ಹಾಕಿದಾಗ ಒಂದು ಕಾಯಿನ ಪಕ್ಕಕ್ಕಿಟ್ಟು 'ಇದು ಇನ್ನೂ ಹಸಿ' ಅಂದ್ರು. ಒಡೆಸಿ ನೋಡಿದ್ವಿ. ಹಸಿನೇ."

ಹಾಲಮ್ಮ ಮೂವತ್ತು ವರ್ಷ ಕೊಬ್ಬರಿಯ ಅಟ್ಟಗಳಲ್ಲಿ ದುಡಿದವಳು. ವರ್ಷಗಟ್ಟಲೆ ಅಟ್ಟದಲ್ಲಿಟ್ಟ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗೆ ಕೊಬ್ಬರಿ ಒಣಗಿ ಬಿಟ್ಟುಕೊಂಡಿದ್ದರೆ ಅದು ಗಡಗಡ ಉರುಳುತ್ತದೆ. ನೂರು ಕಾಯಲ್ಲಿ ಒಂದು ಹಸಿಯಿದ್ದರೂ ಅವಳ ಕಿವಿಗೆ ಸಿಕ್ಕಿಬೀಳುತ್ತಿತ್ತು. ಕಿವಿ ಮಂದವಾದ ವರ್ಷ ಅವಳು ಇಳಿಸಿದ್ದರಲ್ಲಿ ಹಸಿಕಾಯಿ ಬೆರೆತವು. ಸಾಕು ಮನೇಲಿರಮ್ಮ ಎಂದು ಅಟ್ಟದವರು ಕಳಿಸಿಬಿಟ್ಟರು. ಅಂದಿನಿಂದ ಹಾಲಮ್ಮ ಜಗಲಿ ಹಿಡಿದಳು.

ಭುವನಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಆದರೆ ಅನುಮಾನ ಅಷ್ಟಕ್ಕೆ ಬಿಡುವ ಹೆಣ್ಣಲ್ಲ. "ಸರಿ. ಮನೇಲಿ ಯಾಕೆ ಹೇಳ್ಲಿಲ್ಲ? ಹೊಟ್ಟೇಲಿ ಹುಟ್ಟಿದ ನಂಗೂ ಯಾಕೆ ಹೇಳ್ಲಿಲ್ಲ?"

"ಅದು ನಂಗೊತ್ತಿಲ್ಲ ಅಕ್ಕ," ಎಂದಳು ಪ್ರಜ್ಞಾ. ಎಂದವಳ ಕಣ್ಣು ಒಂದೇ ಒಂದು ಸಲ ಬಾಗಿಲ ಮರೆಯ ವನಜಾಕ್ಷಿಯ ಕಡೆ ಹೊರಳಿ ಕೆಳಗಾಯಿತು.

ವನಜಾಕ್ಷಿ ಅದನ್ನು ಕಂಡಳು. ಈ ಹುಡುಗಿಗೆ ಎಲ್ಲ ಗೊತ್ತು.

*

"ಯಾರು ತಂದಿದ್ದು ಅಂತ ಗೊತ್ತಾಯ್ತಲ್ಲ, ದಾರಿ ಬಿಡವ್ವ. ಎತ್ತಿ ಇನ್ನ" ಎಂದು ರಂಗಪ್ಪ ಅವಸರಪಡಿಸಿದ. ಭುವನಾ ಪಕ್ಕಕ್ಕೆ ಸರಿದಳು. ಗಂಡಸರು ಚಟ್ಟ ಸಿದ್ಧ ಮಾಡುವಷ್ಟರಲ್ಲಿ ವನಜಾಕ್ಷಿ ಪ್ರಜ್ಞಾಳ ರಟ್ಟೆ ಹಿಡಿದು ಕೊಟ್ಟಿಗೆಗೆ ಕರೆದೊಯ್ದಳು.

"ಮಿಷನ್ ಕೊಟ್ಟಿದ್ದು ಯಾವಾಗ? ಸುಳ್ಳು ಹೇಳ್ಬೇಡ ಕಣಮ್ಮ."

"ಹೋದ ದೀಪಾವಳಿ ಆಗಿ ವಾರಕ್ಕೆ. ವರ್ಷ ಆಗ್ತಾ ಬಂತು."

"ಎಲ್ಲಾ ಕೇಳ್ತಿತ್ತಾ?"

"ದೂರದ್ದು ಕಷ್ಟ. ಹತ್ರ ಕೂತು ಮಾತಾಡಿದ್ರೆ ಚೆನ್ನಾಗೇ ಕೇಳೋದು."

ವನಜಾಕ್ಷಿ ಗೋದಲಿಯ ಅಂಚಿನ ಮೇಲೆ ಕೂತಳು. ಮಂಡಿಯಿಂದ ಕಿವಿಗೆ ಎಷ್ಟು ದೂರ?

ಆಗ ನೆನಪಾಯಿತು. ಆಷಾಢದ ಆ ಮಾತಿನ ಮಾರನೆಯ ದಿನ. ಅವಳಿಗೆ ಎಚ್ಚರವಾದಾಗ ಸೂರ್ಯ ಪಡುವಣಕ್ಕೆ ವಾಲಿದ್ದ. ಗಾಬರಿಯಿಂದ ಎದ್ದು ಕೋಣೆಯ ಬಾಗಿಲು ಎಳೆದರೆ ಹೊರಗಿನಿಂದ ಚಿಲಕ. ಬಡಿದಳು, ಕೂಗಿದಳು. ಎಷ್ಟೋ ಹೊತ್ತಿಗೆ ಹಾಲಮ್ಮ ಚಿಲಕ ತೆಗೆದು, ಹೊಸಿಲ ಮೇಲೆ ಕೂತೇ ನಕ್ಕಳು. ಮುದುಕಿ ಮಂಡಿನೋವಲ್ಲೇ ಕಸ ಗುಡಿಸಿ, ಎಮ್ಮೆಗೆ ಹುಲ್ಲು ಹಾಕಿ, ಗಂಜಿ ಕಾಯಿಸಿದ್ದಳು. ಬಂದುಹೋದವರಿಗೆಲ್ಲ "ನನ್ ಸೊಸೆಗೆ ಹುಷಾರಿಲ್ಲ, ಎಬ್ಬಿಸ್ಬ್ಯಾಡಿ" ಎಂದು ಹೊಸಿಲಲ್ಲೇ ತಡೆದು ಕಳಿಸಿದ್ದಳಂತೆ. "ನನ್ನನ್ನ ಒಳಗಾಕಿ ಕೂಡಿದ್ಯಲ್ಲ, ನಿಂಗೇನ್ ತಲೆ ಕೆಟ್ಟಿತಾ?" ಎಂದು ವನಜಾಕ್ಷಿ ಅಂದು ಮನೆಯ ಸೂರು ಹಾರಿಹೋಗುವಂತೆ ಕಿರುಚಿದ್ದಳು. ಅತ್ತೆಗೆ ಅರಳುಮರಳು ಎಂದು ಊರಿಗೆಲ್ಲ ಸಾರಿದ್ದೂ ಅವಳೇ. ಅದಕ್ಕೂ ಹಾಲಮ್ಮ ಬಾಯಿ ಬಿಟ್ಟಿರಲಿಲ್ಲ.

"ಅಯ್ಯೋ ನನ್ನ ಅತ್ತೇ," ಎಂದಳು ವನಜಾಕ್ಷಿ. ಅಷ್ಟು ಹೊತ್ತು ಬಾರದಿದ್ದ ಅಳು ಹೊಟ್ಟೆಯಿಂದ ಕಿತ್ತುಕೊಂಡು ಬಂತು. ಪ್ರಜ್ಞಾ ಕಾಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ನನ್ ಮೇಲೆ ಏನ್ ದೂರು ಹೇಳಿದ್ರು? ಹೇಳ್ಬಿಡಮ್ಮ, ತಡ್ಕೋತೀನಿ."

"ದೂರು ಹೇಳ್ಲಿಲ್ಲ ಅಕ್ಕ. ಪ್ರತಿ ಸಲ ನಾನೇ ಅಂತಿದ್ದೆ, ಅಜ್ಜಿ, ಮನೇಲಿ ಹೇಳಿ, ಸೆಲ್ ಹಾಕೋಕೆ, ಒರೆಸಿಡೋಕೆ ಸೊಸೆಗೆ ಕಲಿಸ್ಕೊಡ್ತೀನಿ ಅಂತ. 'ಬ್ಯಾಡ ಕಣವ್ವ, ನಿನ್ ಕಾಲಿಗ್ ಬೀಳ್ತೀನಿ' ಅನ್ನೋರು. 'ನಂಗೆ ಕೇಳುತ್ತೆ ಅಂತ ಗೊತ್ತಾದ್ರೆ ಅವಳು ಮಾತಾಡೋದು ನಿಲ್ಲಿಸ್ಬಿಡ್ತಾಳೆ. ಈ ಹನ್ನೆರಡು ವರ್ಷದಲ್ಲಿ ನಂಜೊತೆ ದಿನಾ ಕೂತು ಮಾತಾಡಿದೋಳು ಅವಳೊಬ್ಬಳೇ.'"

ಹೊರಗೆ ಹಾಲೇಶ ಹೆಂಡತಿಯ ಹೆಸರು ಹಿಡಿದು ಕೂಗುತ್ತಿದ್ದ.

*

ಗುಂಡಿಯೊಳಗೆ ಹಾಲಮ್ಮನನ್ನು ಇಳಿಸಿ ಕೂರಿಸಿದರು. ಮಿಷನ್ನನ್ನು ಚಾಪೆ ದಿಂಬಿನ ಜೊತೆ ಬೇಲಿಯಾಚೆ ಎಸೆಯಬೇಕು, ಹೆಣದ ಮೈಮೇಲಿದ್ದದ್ದು ಇನ್ನೊಂದು ಮನೆ ಸೇರಬಾರದು ಎಂದು ರಂಗಪ್ಪ ಹಟ ಹಿಡಿದಿದ್ದ. ವನಜಾಕ್ಷಿ ಯಾರನ್ನೂ ಕೇಳದೆ ಅದನ್ನು ಜಗಲಿಯಿಂದ ಎತ್ತಿಕೊಂಡು, ಒರೆಸಿ ಪ್ರಜ್ಞಾಳ ಕೈಗಿಟ್ಟಿದ್ದಳು. ಅದನ್ನು ಕಂಡ ಭುವನಾಳ ಹುಬ್ಬು ಮತ್ತೆ ಗಂಟಿಕ್ಕಿತು. ಕೊಟ್ಟಿಗೆಯಲ್ಲಿ ಇಬ್ಬರೂ ಅಷ್ಟು ಹೊತ್ತು ಏನು ಮಾತಾಡಿದರು?

ಮಗ ಮೂರು ಹಿಡಿ ಮಣ್ಣು ಹಾಕಿದ. ಸೊಸೆಯ ಸರದಿ ಬಂತು. ವನಜಾಕ್ಷಿ ಮಣ್ಣು ತೆಗೆದುಕೊಳ್ಳಲಿಲ್ಲ. ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಎರಡೂ ಕೈ ನೆಲಕ್ಕೆ ಕೊಟ್ಟು, ಅತ್ತೆಯ ತಲೆಯ ಕಡೆಗೆ ಬಗ್ಗಿ ಏನೋ ಹೇಳತೊಡಗಿದಳು. ಒಂದು ಮಾತು ಆಡಿ ಏಳುತ್ತಾಳೆಂದು ಜನ ಕಾದರು. ಅವಳು ಏಳಲಿಲ್ಲ. ರಂಗಪ್ಪ ಕೆಮ್ಮಿದ. ಹಾಲೇಶ ನಾಚಿಕೆಯಿಂದ ತೆಂಗಿನ ಮರಗಳ ಕಡೆ ಮುಖ ತಿರುಗಿಸಿದ. ಗುದ್ದಲಿ ಹಿಡಿದವರು ಗುದ್ದಲಿ ಊರಿಕೊಂಡು ನಿಂತರು.

ಭುವನಾಗೆ ತಡೆಯಲಾಗಲಿಲ್ಲ. ತಪ್ಪೊಪ್ಪಿಗೆಯೋ, ಇನ್ನೇನು ಗುಟ್ಟೋ, ಕೇಳಿಯೇ ತೀರಬೇಕು. ತನ್ನ ಪಾಲಿನ ಮಣ್ಣು ಮುಷ್ಟಿಯಲ್ಲಿ ಹಿಡಿದು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು, ಅತ್ತಿಗೆಯ ಹಿಂದೆ ಬಂದು ಬಗ್ಗಿದಳು.

"...ಎಮ್ಮೆ ಇವತ್ತು ಸೊರ ಬಿಡ್ಲೇ ಇಲ್ಲ ಕಣತ್ತೆ. ಕರ ಹಗ್ಗ ಕಿತ್ಕೊಂಡು ಹೋಗಿ ಹಾಲೆಲ್ಲಾ ಕುಡಿದ್ಬಿಟ್ಟಿತ್ತು. ನಿನ್ ಮಗ ಬೆಳಿಗ್ಗೆಯಿಂದ ಒಂದು ಲೋಟ ಕಾಫಿನೂ ಮುಟ್ಟಿಲ್ಲ ನೋಡು. ನಾನು ಹೇಳಿದ್ರೆ ಎಲ್ಲಿ ಕೇಳ್ತಾನೆ ಅವನು. ನಿನ್ ಮಗಳೂ ಹಂಗೇ, ಬಡಕಲಾಗವ್ಳೆ, ತರೀಕೆರೇಲಿ ನೆಟ್ಟಗೆ ಉಣ್ತಾಳೋ ಇಲ್ವೋ..."

ಭುವನಾಳ ಮಣ್ಣು ಮುಷ್ಟಿಯಲ್ಲೇ ಉಳಿಯಿತು. ವನಜಾಕ್ಷಿ ಭವ್ಯಳ ಹಾಸ್ಟೆಲಿನ ಸುದ್ದಿಗೆ ಬರುವ ಹೊತ್ತಿಗೆ, ಭುವನಾ ಸೆರಗು ಸರಿಮಾಡಿಕೊಂಡು ಮಣ್ಣಿನ ಗುಡ್ಡೆಯ ಪಕ್ಕ ಮೆಲ್ಲಗೆ ಕೂತುಕೊಂಡಳು.